ಪಟ್ಟಣದ ಕಸವೂ ಕೊಪ್ಪಲಿನ ನೆಲವೂ

ಶ್ರೀರಂಗಪಟ್ಟಣದ ನೆರೆಯ ಬಾಬುರಾಯನಕೊಪ್ಪಲು ಚರಿತ್ರೆಯ ಗ್ರಂಥಗಳಲ್ಲಿ ಪ್ರಸಿದ್ಧವಾದ ಊರಲ್ಲ. ದ್ವೀಪದ ಕೋಟೆಯನ್ನೂ ಶ್ರೀರಂಗನಾಥಸ್ವಾಮಿಯ ದೇವಾಲಯವನ್ನೂ ನೋಡಬರುವ ಯಾತ್ರಿಕರು ಅದರ ಹೆಸರನ್ನು ಫಲಕದಲ್ಲಿ ಓದಿ ಮುಂದೆ ಸಾಗುವರು. ಆದರೂ ಆ ಹೆಸರಿನ ಕೊನೆಯ ಭಾಗವು ವಿಚಾರಕ್ಕೆ ಯೋಗ್ಯವಾದುದು. ಕೊಪ್ಪಲೆಂದರೆ ದೊಡ್ಡ ಊರಿನ ಆಚೆಗೆ, ಹೊಲಗದ್ದೆಗಳ ನಡುವೆ, ಒಕ್ಕಲು ಮಕ್ಕಳು ಕಟ್ಟಿಕೊಂಡ ಸಣ್ಣ ಊರು. ಪಟ್ಟಣಕ್ಕೆ ಬೇಕಾದ ಹಾಲು, ಸೊಪ್ಪು, ಹುಲ್ಲು, ಸೌದೆಗಳು ಇಂಥ ಕೊಪ್ಪಲುಗಳಿಂದ ಒಳಕ್ಕೆ ಬರುತ್ತಿದ್ದುವು. ಪಟ್ಟಣಕ್ಕೆ ಬೇಡವಾದುದು ಇವುಗಳ ಕಡೆಗೆ ಹೊರಕ್ಕೆ ಹೋಗುತ್ತಿತ್ತು. ಪಟ್ಟಣಿಗನ ಮಾತಿನಲ್ಲಿ ಕಸಕ್ಕೆ ಗೊತ್ತಾದ ಸ್ಥಳವೊಂದೇ, ಅದು ‘ಊರಾಚೆ’. ಆ ಊರಾಚೆಯಲ್ಲಿಯೂ ಒಂದು ಊರುಂಟೆಂಬುದನ್ನು ನಮ್ಮ ಪುರನೈರ್ಮಲ್ಯದ ಕಟ್ಟಳೆಗಳು ಎಷ್ಟರಮಟ್ಟಿಗೆ ನೆನೆದುವು, ಎಷ್ಟರಮಟ್ಟಿಗೆ ಮರೆತುವು ಎಂಬುದನ್ನು ಅರಿಯಬೇಕಾದರೆ ಎರಡು ಶತಮಾನಗಳ ವೃತ್ತಾಂತವನ್ನು ನೋಡಬೇಕಾಗುತ್ತದೆ.

ಬೀದಿಯ ಶುಚಿತ್ವಕ್ಕೆ ಕಟ್ಟಳೆ ಮಾಡುವ ಪದ್ಧತಿ ಪಾಶ್ಚಾತ್ಯರಿಂದ ಬಂದುದೆಂಬ ಭಾವನೆ ಕೆಲವರಲ್ಲುಂಟು. ಅದು ಸರಿಯಲ್ಲವೆಂಬುದಕ್ಕೆ ಸಾಕ್ಷಿ ಮೈಸೂರಿನಲ್ಲಿಯೇ ದೊರೆಯಿತು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಓಲೆಗರಿಗಳಿಂದ ಪಂಡಿತ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಶೋಧಿಸಿ, 1909ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರು ನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇದರ ಇಮ್ಮಡಿ ದಂಡವೆಂದು ಆ ಗ್ರಂಥವು ವಿಧಿಸುತ್ತದೆ. ದೇವಾಲಯ, ಜಲಾಶಯ ಮೊದಲಾದೆಡೆಗಳಲ್ಲಿ ಹೊಲಸು ಮಾಡಿದವರಿಗೆ ದಂಡವು ಇನ್ನೂ ಹೆಚ್ಚು. ಆದರೆ ಔಷಧಿಯಿಂದಲೋ ರೋಗದಿಂದಲೋ ಭಯದಿಂದಲೋ ಹಾಗಾದರೆ ದಂಡವಿಲ್ಲ. ಕಟ್ಟಳೆಯ ಕಾಠಿಣ್ಯದ ನಡುವೆ ಇಂಥ ದಯೆಯೂ ಇರುವುದು ಗಮನಾರ್ಹವಾದುದು. ಇಲ್ಲಿ ಇನ್ನೊಂದು ಮುಖ್ಯಾಂಶವೂ ಇದೆ: ಈ ವಿಧಿಗಳಲ್ಲಿ ಹೊಣೆಯು ಚೆಲ್ಲಿದವನ ಮೇಲೆಯೇ ನಿಲ್ಲುತ್ತದೆ.

ಕೊಪ್ಪಲುಗಳಲ್ಲಿ ಇಂಥ ಶಾಸ್ತ್ರವಾವುದೂ ಬೇಕಿರಲಿಲ್ಲ. ಅಲ್ಲಿ ಕಸವೆಂಬ ವಸ್ತುವೇ ವಿರಳವಾಗಿತ್ತು. ಕೊಟ್ಟಿಗೆಯ ಸಗಣಿ ಗಂಜಲ, ಒಲೆಯ ಬೂದಿ, ಮೇವಿನ ಉಳಿಕೆ, ಅಂಗಳದ ತರಗು ಇವೆಲ್ಲವೂ ತಿಪ್ಪೆಗೆ ಬೀಳುತ್ತಿದ್ದುವು. ಬಚ್ಚಲ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ತಿಪ್ಪೆಯ ಗೊಬ್ಬರವು ಗಾಡಿಯೇರಿ ಹೊಲ ಸೇರುತ್ತಿತ್ತು. ದೀಪಾವಳಿಯಲ್ಲಿ ಮನೆಯ ಬಾಗಿಲಿಗೆ ಹಚ್ಚಿದಂತೆಯೇ ತಿಪ್ಪೆಯ ಮೇಲೂ ಒಂದು ದೀಪವನ್ನಿಡುವ ಆಚಾರ ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿದೆ. ಮುಂದಿನ ವರ್ಷದ ಅನ್ನವು ಅಲ್ಲಿ ಮಾಗುತ್ತಿದೆಯೆಂಬ ತಿಳಿವಳಿಕೆ ಆ ದೀಪದಲ್ಲಿತ್ತು. ಆ ಹಳ್ಳಿಗಳು ನಿರ್ಮಲವಾಗಿದ್ದುವೆಂದು ಇದರಿಂದ ಹೇಳಲಾಗದು; ಮನೆಗೆ ಹತ್ತಿರದ ತಿಪ್ಪೆ ನೊಣಗಳ ಮನೆಯೂ ಆಗಿತ್ತು. ಆದರೆ ತನ್ನ ಕಸವನ್ನು ಇನ್ನೊಬ್ಬರ ಬಾಗಿಲಿಗೆ ಸಾಗಿಸುವ ಅಗತ್ಯ ಅಲ್ಲಿನ ಒಕ್ಕಲಿಗನಿಗೆ ಒದಗಿರಲಿಲ್ಲ.

ಪಟ್ಟಣದ ಸ್ಥಿತಿ ಬೇರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಂದಿನಿಂದ 1799ರವರೆಗೆ ಅದು ರಾಜಧಾನಿಯಾಗಿ ಬೆಳೆಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು 1800ರಲ್ಲಿ ಇಲ್ಲಿಗೆ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದನು. ಅವನು ಬಂದಾಗ ಕೋಟೆಯೊಳಗೆ 4,163 ಮನೆಗಳೂ ಗಂಜಾಮಿನಲ್ಲಿ 2,216 ಮನೆಗಳೂ ಉಳಿದಿದ್ದು, ಜನಸಂಖ್ಯೆ ಸುಮಾರು 31,895 ಎಂದು ಅವನ ಗಣನೆ. ನದಿಯ ಎರಡು ಕವಲುಗಳ ನಡುವಿನ ಇಕ್ಕಟ್ಟಾದ ನೆಲದಲ್ಲಿ, ಗೋಡೆ ಕಂದಕಗಳ ಒಳಗೆ, ಅಷ್ಟು ಜನ ನೆಲಸಿದರೆ ಅವರ ಬಚ್ಚಲ ನೀರಿಗೂ ಕಸಕ್ಕೂ ದಾರಿಯೆಲ್ಲಿ? ರಾಜಧಾನಿ ಮೈಸೂರಿಗೆ ಹೋದ ಮೇಲೆ ಇಲ್ಲಿ ಉಳಿದ ಇಂಗ್ಲಿಷರ ಸೈನ್ಯವನ್ನು ಜ್ವರವು ಕಾಡಿತು. 1809ರಲ್ಲಿ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಹೋಯಿತು; ಬೆಂಗಳೂರು ದಂಡುಪ್ರದೇಶದ ಹುಟ್ಟು ಹೀಗಾಯಿತು. ರೋಗದ ಮೂಲವನ್ನು ತಿಳಿಯದವರಿಗೆ ಇದ್ದ ಉಪಾಯವೊಂದೇ, ಆ ಸ್ಥಳದಿಂದ ದೂರ ಹೋಗುವುದು. ಹೋಗಲು ಬೇರೆಡೆಯುಳ್ಳವರು ಹೋದರು. ದ್ವೀಪದ ಬಡಜನರೂ ಸುತ್ತಣ ಕೊಪ್ಪಲುಗಳವರೂ ಜ್ವರದೊಡನೆ ಉಳಿದುಕೊಂಡರು.

ಆ ಜ್ವರದ ಗುಟ್ಟು ಬಯಲಾಗಲು ಇನ್ನೂ ಎಂಬತ್ತೆಂಟು ವರ್ಷಗಳು ಬೇಕಾದುವು. ಅದರ ಒಂದು ಸುಳಿವು ದೊರೆತದ್ದು, ದಂಡು ಹೋಗಿ ನೆಲಸಿದ ಬೆಂಗಳೂರಿನಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ. 1883ರಲ್ಲಿ ಅಲ್ಲಿ ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್ ಎಂಬ ತರುಣನು ತನ್ನ ಬಂಗಲೆಯ ಕಿಟಕಿಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ತೊಟ್ಟಿಯನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಕಡಮೆಯಾದುವು. ಉಳಿದ ತೊಟ್ಟಿಗಳಿಗೂ ಹೀಗೆಯೇ ಮಾಡಬಹುದೆಂದು ಅವನು ಸೂಚಿಸಿದಾಗ ಮೇಲಿನ ಅಧಿಕಾರಿಯು ಒಪ್ಪಲಿಲ್ಲ. ಇದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದನು. ಊರನ್ನು ಬಿಟ್ಟು ಓಡುವುದಕ್ಕಿಂತ ಮನೆಯ ತೊಟ್ಟಿಯನ್ನು ಬೋರಲು ಹಾಕುವುದು ಮೇಲೆಂಬ ಪಾಠ ಅದರಲ್ಲಿತ್ತು. ಆ ಪಾಠವನ್ನು ಜನರೂ ಸರ್ಕಾರಗಳೂ ಬಹು ನಿಧಾನವಾಗಿ ಕಲಿತುವು.

ಈ ನಡುವೆ ಪುರಸಭೆಗಳು ಹುಟ್ಟಿದುವು. 1850ರ ಕಾಯಿದೆಯನ್ನು ಅನುಸರಿಸಿ 1862ರಲ್ಲಿ ಬೆಂಗಳೂರಿನ ಪುರಸಭೆ ಏರ್ಪಟ್ಟಿತು. 1906ರಲ್ಲಿ ಮೈಸೂರು ಮುನಿಸಿಪಲ್ ರೆಗ್ಯುಲೇಷನ್ ಜಾರಿಗೆ ಬಂದಿತು. ಬೀದಿ ಗುಡಿಸುವುದು, ಕಸ ಸಾಗಿಸುವುದು, ಚರಂಡಿ ಕಟ್ಟಿಸುವುದು ಇವು ಪುರಸಭೆಯ ಕರ್ತವ್ಯಗಳಾದುವು. ಸ್ಥಳೋಚಿತವಾದ ಉಪವಿಧಿಗಳನ್ನು, ಜನರು ಕರೆಯುವ ಬೈಲಾಗಳನ್ನು, ಮಾಡಿಕೊಳ್ಳುವ ಅಧಿಕಾರವೂ ಬಂದಿತು. ಆದರೆ ಕಾಗದದ ಮೇಲಣ ವಿಧಿಗಿಂತ ವೇಗವಾಗಿ ಬಂದುದು ಮಾರಿ. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನಿಯಮಿತರಾದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತಲೆಯೆತ್ತಿದುವು. ಹಳ್ಳಿಗಳಲ್ಲಿ ಇಲಿ ಬಿದ್ದೊಡನೆ ಜನರು ಮನೆ ಮಠಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗಾಗಿಯೇ ಒಂದು ಮಂಡಳಿ ಏರ್ಪಟ್ಟು, ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡಿಸಿ ಹೊಸ ಮೊಹಲ್ಲಾಗಳನ್ನು ನಿರ್ಮಿಸಿತು. ಇವೆಲ್ಲ ಉಪಕಾರದ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇವುಗಳ ಒಳತತ್ತ್ವವು 1809ರದೇ ಆಗಿತ್ತು: ಕೆಟ್ಟ ಸ್ಥಳದಿಂದ ಜನರನ್ನು ದೂರ ಮಾಡುವುದು, ಜನರಿಂದ ಹೊಲಸನ್ನು ದೂರ ಮಾಡುವುದು.

ಹೊಲಸನ್ನು ದೂರ ಮಾಡುವವರು ಯಾರು? ಪುರಸಭೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ನೋವಿನ ಅಧ್ಯಾಯವಿದು. ನಾಗರಿಕರ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಾಗಿಸುವ ಕೆಲಸವನ್ನು ಕೆಲವೇ ಜಾತಿಗಳ ಪಾಲಿಗೆ ಕಟ್ಟಿ, ಅದೇ ಕಾರಣದಿಂದ ಅವರನ್ನು ದೂರವಿಟ್ಟುದು ಸಮಾಜ. ಆ ಕಟ್ಟನ್ನು ಸಂಬಳದ ಪಟ್ಟಿಯಲ್ಲಿ ಬರೆದು ಸ್ಥಿರಪಡಿಸಿದುದು ಪುರಸಭೆ. 1970ರ ದಶಕದ ಆದಿಯಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಐ. ಪಿ. ಡಿ. ಸಾಲಪ್ಪನವರ ಸಮಿತಿಯು ಪೌರಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಿ 1976ರಲ್ಲಿ ವರದಿಯನ್ನೊಪ್ಪಿಸಿತು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಇಷ್ಟಾದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಕೆಲವರು ಪುರಸಭೆಯ ಕಚೇರಿಯೆದುರು ತಮ್ಮ ಮೈಮೇಲೆ ಮಲವನ್ನೇ ಸುರಿದುಕೊಂಡು ತಮ್ಮ ಸಂಕಟವನ್ನು ನಾಡಿಗೆ ತೋರಿಸಬೇಕಾಯಿತು. ವಿಧಿ ಬಂದ ಮಾತ್ರಕ್ಕೆ ಭಾರ ಇಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪಟ್ಟಣದ ಕಸವು ಮತ್ತೆ ಹೊಲ ಸೇರುವ ದಾರಿಯನ್ನು ವಿಜ್ಞಾನಿಗಳೂ ಹುಡುಕಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ರೂಪಿಸಿದ ಗೊಬ್ಬರದ ವಿಧಾನವು ‘ಬೆಂಗಳೂರು ಪದ್ಧತಿ’ ಎಂದೇ ಲೋಕದಲ್ಲಿ ಹೆಸರಾಯಿತು. ಸುಮಾರು 3 ಅಡಿ ಆಳದ ಕಂದಕದಲ್ಲಿ 6 ಅಂಗುಲ ಕಸ, ಅದರ ಮೇಲೆ 2 ಅಂಗುಲ ಮಲ, ಹೀಗೆ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಬಿಟ್ಟರೆ, ಒಳಗಿನ ಕಾವಿನಿಂದ ರೋಗಾಣುಗಳೂ ನೊಣದ ಮರಿಗಳೂ ಸತ್ತು, ನಾಲ್ಕರಿಂದ ಆರು ತಿಂಗಳಲ್ಲಿ ದುರ್ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ನಡುವೆ ಮಗುಚಿ ಹಾಕಬೇಕಾದ ಶ್ರಮವೂ ಇಲ್ಲ. ಹಳ್ಳಿಯ ತಿಪ್ಪೆಯನ್ನೇ ಶಾಸ್ತ್ರೀಯವಾಗಿ ತಿದ್ದಿದಂತೆ ಇದೆ. ಆದರೆ ಈ ಕಂದಕಗಳು ಪಟ್ಟಣದ ಎಲ್ಲೆಯಿಂದ ಅರ್ಧ ಮೈಲಿಯಾದರೂ ಆಚೆ ಇರಬೇಕೆಂದು ಆರೋಗ್ಯಶಾಸ್ತ್ರದ ನಿಯಮ. ಪಟ್ಟಣದ ಎಲ್ಲೆಯಿಂದ ಅರ್ಧ ಮೈಲಿ ಆಚೆಗೆ ಅನೇಕ ಕಡೆ ಯಾವುದಾದರೊಂದು ಕೊಪ್ಪಲು ಇದ್ದೇ ಇರುತ್ತದೆ. ಗೊಬ್ಬರವಾಗುವ ಕಸವಾದರೆ ಕೊಪ್ಪಲಿನವನು ಅದನ್ನು ಸ್ವಾಗತಿಸಿಯಾನು. ಹೊಲಕ್ಕೆ ಅದು ಬೇಕಾದುದೇ. ಕಸದ ಸ್ವರೂಪವೇ ಬದಲಾದಾಗ ತೊಡಕು ಬಂದಿತು.

ಬಾಳೆಯೆಲೆಯ ಬದಲು ಪ್ಲಾಸ್ಟಿಕ್, ಮಣ್ಣಿನ ಕುಡಿಕೆಯ ಬದಲು ಸೀಸೆ ಡಬ್ಬಿಗಳು ಬಂದ ಮೇಲೆ, ಕಸವು ಮಣ್ಣಾಗುವುದನ್ನು ಬಿಟ್ಟಿತು. ಹಸಿಯದೂ ಒಣದೂ ಒಂದೇ ಬುಟ್ಟಿಯಲ್ಲಿ ಬೆರೆತು ಗೊಬ್ಬರಕ್ಕೂ ಬಾರದ, ಗುಜರಿಗೂ ಸಲ್ಲದ ರಾಶಿಯಾಯಿತು. ಬೆಂಗಳೂರಿನ ಕಸವು ಹೊರವಲಯದ ಮಾವಳ್ಳಿಪುರಕ್ಕೂ ಮಂಡೂರಿಗೂ ಲಾರಿಗಳಲ್ಲಿ ಹೋಯಿತು. ಬಾವಿಯ ನೀರು ಕೆಟ್ಟಿತು, ಗಾಳಿ ನಾರಿತು ಎಂದು ಆ ಊರುಗಳವರು ದಾರಿಗಡ್ಡವಾಗಿ ನಿಂತರು. 2012ರಲ್ಲಿ ಮಾವಳ್ಳಿಪುರದ ಕಸದ ಬಯಲು ಮುಚ್ಚಿತು; 2014ರ ಡಿಸೆಂಬರಿನಿಂದ ಮಂಡೂರಿಗೆ ಕಸ ಹೋಗುವುದು ನಿಂತಿತು. ಮೈಸೂರಿನಲ್ಲಿಯೂ, 2015 ಮತ್ತು 2016ರ ಗಣನೆಗಳಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಕೀರ್ತಿ ಪಡೆದ ಆ ಊರಿನಲ್ಲಿಯೂ, ವಿದ್ಯಾರಣ್ಯಪುರದ ಬಳಿಯ ರಾಶಿಯು ನೆರೆಹೊರೆಯವರ ದೂರಿಗೆ ಬಹುಕಾಲ ಕಾರಣವಾಯಿತು. ‘ಊರಾಚೆ’ಯವರು ಮೊದಲ ಬಾರಿಗೆ ಬಾಯಿ ತೆರೆದು, ಇದೂ ಊರೇ ಎಂದು ಹೇಳಿದರು.

ಇದರ ಫಲವು ವಿಧಿಯಲ್ಲಿಯೂ ಕಾಣಿಸಿತು. 2016ರ ಘನತ್ಯಾಜ್ಯ ನಿಯಮಗಳು ಮೊದಲ ಹೊಣೆಯನ್ನು ಮನೆಯೊಡೆಯನ ಮೇಲೆಯೇ ಹೊರಿಸಿದುವು. ಕೊಳೆಯುವುದು, ಕೊಳೆಯದುದು, ಅಪಾಯಕರವಾದುದು ಎಂದು ಮೂರು ಬಗೆಯಾಗಿ ವಿಂಗಡಿಸಿಯೇ ಕಸವನ್ನು ಕೊಡತಕ್ಕದ್ದೆಂದು ಆ ನಿಯಮಗಳು ವಿಧಿಸಿದ್ದುವು. ಬೀದಿಯಲ್ಲಿ ಎಸೆಯಲಾಗದು, ಸುಡಲಾಗದು. ಸ್ಥಳೀಯ ಸಂಸ್ಥೆಗಳು ಇದಕ್ಕೆ ತಕ್ಕ ಉಪವಿಧಿಗಳನ್ನು ಮಾಡತಕ್ಕದ್ದು. ಕಸ ಹೂಳುವ ನೆಲವು ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದೂ ವಿಧಿಸಿದುವು. ಈ ಅಳತೆಗೋಲನ್ನು ಹಿಡಿದು ಶ್ರೀರಂಗಪಟ್ಟಣದ ಸುತ್ತ ನಡೆದು ನೋಡಿದರೆ ತಾತ್ಪರ್ಯವು ಸ್ಪಷ್ಟವಾಗುವುದು. ಒಂದು ಕಡೆ ಕಾವೇರಿಯ ಕವಲುಗಳು, ಇನ್ನೊಂದು ಕಡೆ ನಾಲೆಗಳು, ನಡುವೆ ಹೆದ್ದಾರಿ, ಅದರ ಅಕ್ಕಪಕ್ಕದಲ್ಲಿ ಕೊಪ್ಪಲುಗಳು, ಮಿಕ್ಕ ನೆಲದಲ್ಲಿ ಭತ್ತ ಕಬ್ಬಿನ ಗದ್ದೆಗಳು. ದೂರವೆಂಬುದು ಇಲ್ಲಿ ಉಳಿದಿಲ್ಲ. ಕಸವನ್ನು ಸಾಗಿಸುವ ಪ್ರಶ್ನೆಯು ಕಸವನ್ನು ಕಡಮೆ ಮಾಡುವ ಪ್ರಶ್ನೆಯಾಗಿ ಮಾರ್ಪಟ್ಟಿದೆ.

ಅದಕ್ಕೆ ದಾರಿಯೂ ಇಲ್ಲದಿಲ್ಲ. ಒಂದು ಕಾಲಕ್ಕೆ ಬೇರೆ ಊರಾಗಿದ್ದು ಮೈಸೂರು ನಗರದೊಳಗೆ ಸೇರಿಹೋದ ಕುಂಬಾರಕೊಪ್ಪಲಿನಲ್ಲಿ, ಮನೆಗಳಿಂದ ಬಂದ ಕಸವನ್ನು ಅಲ್ಲಿಯೇ ವಿಂಗಡಿಸಿ, ಹಸಿಯದನ್ನು ಗೊಬ್ಬರ ಮಾಡಿ ರೈತರಿಗೆ ಮಾರುವ, ಒಣದನ್ನು ಬಗೆಬಗೆಯಾಗಿ ಆಯ್ದು ಗುಜರಿಗೆ ಕೊಡುವ ಏರ್ಪಾಡು ನಡೆದು ಅನೇಕರ ಗಮನವನ್ನು ಸೆಳೆಯಿತು. ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ಯೆಂಬ ಗಾಡಿಗಳನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ನಡೆಸುತ್ತ ಮನೆಬಾಗಿಲಿಗೆ ಬರುವುದು ರಾಜ್ಯದ ಹಲವೆಡೆ ಬಳಕೆಗೆ ಬಂದಿದೆ. ಆ ಗಾಡಿ ಬಾಗಿಲಿಗೆ ಬಂದಾಗ ಗೃಹಸ್ಥನು ಒಂದು ಬುಟ್ಟಿಯನ್ನು ಕೊಡುವನೋ ಎರಡನ್ನು ಕೊಡುವನೋ ಎಂಬುದರ ಮೇಲೆ ಮಿಕ್ಕುದೆಲ್ಲವೂ ನಿಂತಿದೆ. ಬೆರೆತ ಕಸದಲ್ಲಿ ಮುರಿದ ಗಾಜಿದ್ದರೆ ಅದು ಕುಯ್ಯುವುದು ಚೆಲ್ಲಿದವನ ಕೈಯನ್ನಲ್ಲ, ಆಯುವವಳ ಕೈಯನ್ನು.

ಕೌಟಿಲ್ಯನು ಪಣದ ಎಂಟನೆಯ ಭಾಗದ ದಂಡದಿಂದ ಹೇಳಿದ ಮಾತೂ, ರಾಸ್ ತೊಟ್ಟಿಯನ್ನು ಬೋರಲು ಹಾಕಿ ತೋರಿಸಿದ ಮಾತೂ, ಕೊಪ್ಪಲಿನ ಒಕ್ಕಲಿಗನು ತಿಪ್ಪೆಯ ಮೇಲೆ ದೀಪವಿಟ್ಟು ನೆನೆದ ಮಾತೂ ಕೊನೆಗೆ ಒಂದೇ ಆಗಿದೆ. ಮನೆಯಲ್ಲಿ ಹುಟ್ಟಿದ ಕಸಕ್ಕೆ ಮನೆಯೇ ಮೊದಲ ಹೊಣೆ. ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಹೋದಂತೆ ಬಿಟ್ಟು ಹೋಗಲು ಇಂದು ಬೇರೊಂದು ಊರಿಲ್ಲ. ಪಟ್ಟಣದ ಎಲ್ಲೆ ಮುಗಿದಲ್ಲಿ ಬಾಬುರಾಯನಕೊಪ್ಪಲಿನಂಥ ಒಂದು ಊರಿನ ಅಂಗಳ ಮೊದಲಾಗುತ್ತದೆ. ಉಪವಿಧಿಗಳನ್ನು ಪುರಸಭೆ ಬರೆಯಬಹುದು, ಪಂಚಾಯಿತಿ ಸಾರಬಹುದು. ಅವು ನಡೆಯತೊಡಗುವುದು ಅಡಿಗೆಮನೆಯ ಮೂಲೆಯ ಬುಟ್ಟಿಗಳಲ್ಲಿ.