ಗುಡಿಸುವ ಯಂತ್ರದ ದನಿ: ಧ್ವನಿಸೂಚನೆಗಳ ಒಂದು ಚರಿತ್ರೆ

ಮನೆಯ ನೆಲವನ್ನು ತಾನಾಗಿಯೇ ಸುತ್ತಿ ಗುಡಿಸುವ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದಿತು. ಅದು ಮನುಷ್ಯರ ದನಿಯಲ್ಲಿ ಮಾತನಾಡತೊಡಗಿದ್ದು ಅದಾದ ಕೆಲವು ವರ್ಷಗಳ ಬಳಿಕ. ಕೆಲಸ ಶುರುವಾಯಿತು, ಕಸದ ಡಬ್ಬಿ ತುಂಬಿದೆ, ಚಕ್ರ ಸಿಕ್ಕಿಕೊಂಡಿದೆ, ಚಾರ್ಜ್ ಆಗಲು ಮರಳುತ್ತಿದೆ ಎಂದು ಯಂತ್ರವು ತನ್ನ ಸ್ಥಿತಿಯನ್ನು ತಿಳಿಸುವ ಇಂಥ ಚಿಕ್ಕ ವಾಕ್ಯಗಳನ್ನು ಧ್ವನಿಸೂಚನೆಗಳೆಂದು ಕರೆಯಲಾಗುತ್ತದೆ. ಈ ಸೂಚನೆಗಳನ್ನು ಕಿತ್ತು ಹಾಕಿ, ಅವುಗಳ ಜಾಗದಲ್ಲಿ ತಮ್ಮ ಭಾಷೆಯ, ತಮಗೆ ಬೇಕಾದ ದನಿಯ ಮಾತುಗಳನ್ನು ಕೂರಿಸುವ ರೂಢಿಯೊಂದು ಬಳಕೆದಾರರ ನಡುವೆ ಬೆಳೆದಿದೆ. ಮೇಲುನೋಟಕ್ಕೆ ಇದು ವಿನೋದದ ಹವ್ಯಾಸದಂತೆ ತೋರುತ್ತದೆಯಾದರೂ, ಯಂತ್ರ ಯಾರ ದನಿಯಲ್ಲಿ ಮತ್ತು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು ತಯಾರಕರು ನಿರ್ಧರಿಸಬೇಕೇ, ಕೊಂಡವರು ನಿರ್ಧರಿಸಬೇಕೇ ಎಂಬ, ನೂರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯ ಪ್ರಶ್ನೆಯೊಂದರ ಇತ್ತೀಚಿನ ಅಧ್ಯಾಯವೇ ಈ ರೂಢಿ.

ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫನ್ನು ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ರೂಪಿಸಿದರು. 1890ರಲ್ಲಿ ಅವರ ಸಂಸ್ಥೆ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಮಾತನಾಡುವ ಗೊಂಬೆಯ ಲೋಹದ ಮೈಯೊಳಗೆ ಒಂದು ಚಿಕ್ಕ ಫೋನೋಗ್ರಾಫ್ ಇತ್ತು. ಹಿಡಿಯನ್ನು ಕೈಯಿಂದ ತಿರುಗಿಸಿದಾಗ ಮೇಣದ ಮೇಲೆ ಕೊರೆದ ಶಿಶುಪ್ರಾಸವೊಂದು ಕೇಳಿಸುತ್ತಿತ್ತು. ಒಂದು ಮುದ್ರಣದಿಂದ ಹಲವು ಪ್ರತಿಗಳನ್ನು ತೆಗೆಯುವ ವಿಧಾನ ಆಗ ಬಳಕೆಯಲ್ಲಿ ಇರಲಿಲ್ಲವಾದ್ದರಿಂದ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನ ಕಾರ್ಖಾನೆಯಲ್ಲಿ ಯುವತಿಯರು ಪ್ರತಿ ಗೊಂಬೆಗೂ ಅದೇ ಪ್ರಾಸವನ್ನು ಹೊಸದಾಗಿ ಹೇಳಬೇಕಾಗಿತ್ತು. ಮೇಣ ಬೇಗ ಸವೆಯುತ್ತಿತ್ತು, ದನಿ ಕರ್ಕಶವಾಗಿತ್ತು, ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸುವುದು ಮಕ್ಕಳಿಗೆ ಸಾಧ್ಯವಿರಲಿಲ್ಲ. ಕೆಲವೇ ವಾರಗಳಲ್ಲಿ ಮಾರಾಟ ನಿಂತುಹೋಯಿತು. ಫ್ರಾನ್ಸಿನಲ್ಲಿ ಗಡಿಯಾರ ತಯಾರಕ ಆನ್ರಿ ಲಿಯೊರೆ ಅವರು 1893ರಲ್ಲಿ ಜ್ಯುಮೊ ಗೊಂಬೆಗಾಗಿ ಮಾಡಿದ ಯಂತ್ರ ಇದಕ್ಕಿಂತ ಮುಂದಿನ ಹೆಜ್ಜೆಯಾಗಿತ್ತು: ಅದರಲ್ಲಿ ಮೇಣದ ಬದಲು ಗಟ್ಟಿಯಾದ ಸೆಲ್ಯುಲಾಯ್ಡ್ ಸಿಲಿಂಡರ್ ಇದ್ದಿತಲ್ಲದೆ, ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ಬರುತ್ತಿತ್ತು. ಯಂತ್ರವನ್ನು ಹಾಗೆಯೇ ಉಳಿಸಿಕೊಂಡು ಅದರ ಮಾತನ್ನು ಮಾತ್ರ ಬದಲಾಯಿಸುವ ಕಲ್ಪನೆ ಹೀಗೆ ಆಟಿಕೆಯೊಂದರಲ್ಲಿ ಮೊದಲಿಗೇ ಕಾಣಿಸಿಕೊಂಡಿತು. ಅದು ಮನೆಬಳಕೆಯ ಉಪಕರಣಗಳಿಗೆ ಬರಲು ಬಹಳ ಕಾಲ ಹಿಡಿಯಿತು.

ಯಂತ್ರ ಉಪಯುಕ್ತವಾದ ಮಾತನ್ನು ಆಡುವಂತಾದದ್ದು ಟೆಲಿಫೋನಿನ ಮೂಲಕ. ಸಮಯ ಕೇಳುವವರ ಕರೆಗಳಿಂದ ಪ್ಯಾರಿಸ್ ವೀಕ್ಷಣಾಲಯದ ತಂತಿ ಸದಾ ತುಂಬಿರುತ್ತಿದ್ದುದನ್ನು ಕಂಡ ಅದರ ನಿರ್ದೇಶಕ ಅರ್ನೆಸ್ಟ್ ಎಸ್ಕ್ಲಾಂಗೊ ಅವರ ಯೋಜನೆಯಂತೆ 1933ರ ಫೆಬ್ರವರಿ 14ರಂದು ಅಲ್ಲಿ ಮಾತನಾಡುವ ಗಡಿಯಾರ ಆರಂಭವಾಯಿತು. ರೇಡಿಯೋ ನಿರೂಪಕ ಮಾರ್ಸೆಲ್ ಲಾಪೋರ್ತ್ ಅವರ ದನಿಯನ್ನು ಅದಕ್ಕೆ ಬಳಸಲಾಯಿತು. ಬ್ರಿಟನ್ನಿನ ಅಂಚೆ ಇಲಾಖೆ 1936ರ ಜುಲೈ 24ರಂದು ಇಂಥದ್ದೇ ಸೇವೆಯನ್ನು ತೆರೆಯುವ ಮುನ್ನ ತನ್ನ ಟೆಲಿಫೋನ್ ಆಪರೇಟರುಗಳ ನಡುವೆ ದನಿಯ ಸ್ಪರ್ಧೆಯನ್ನು ನಡೆಸಿ, ಎಥೆಲ್ ಕೇನ್ ಅವರನ್ನು ಆರಿಸಿತು. ಈ ಗಡಿಯಾರಗಳ ಒಳಗಿನ ತತ್ವ ಇಂದಿನವರೆಗೂ ಮುಂದುವರಿದಿದೆ: ದಿನದ ಪ್ರತಿ ಕ್ಷಣಕ್ಕೂ ಒಂದು ಪೂರ್ಣ ವಾಕ್ಯವನ್ನು ಮುದ್ರಿಸುವ ಬದಲು ಗಂಟೆ, ನಿಮಿಷ, ಸೆಕೆಂಡುಗಳ ಮಾತುಗಳನ್ನು ಬೇರೆಬೇರೆಯಾಗಿ ಮುದ್ರಿಸಿಟ್ಟು, ಬೇಕಾದ ತುಣುಕುಗಳನ್ನು ಆಯಾ ಹೊತ್ತಿನಲ್ಲಿ ಯಂತ್ರವೇ ಜೋಡಿಸಿಕೊಳ್ಳುವುದು. ಜೊತೆಗೆ, ಸಾರ್ವಜನಿಕ ಯಂತ್ರದ ದನಿ ಸ್ಪಷ್ಟವಾಗಿರಬೇಕು, ಯಾವ ಊರಿನ ರಾಗವೂ ಅದರಲ್ಲಿ ಕೇಳಿಸಬಾರದು ಎಂಬ ನಂಬಿಕೆ ಗಟ್ಟಿಯಾದದ್ದೂ ಈ ಕಾಲದಲ್ಲೇ. ಕೇಳುವವರು ಲಕ್ಷಾಂತರವಾಗಿದ್ದರೂ ದನಿಯನ್ನು ಆರಿಸುವವರು ಇಲಾಖೆಯವರೇ ಆಗಿದ್ದರು.

ಮಾತು ಯಂತ್ರದ ಒಡಲೊಳಗೆ ಅಗ್ಗವಾಗಿ ಅಡಗಬೇಕಾದರೆ ಅದನ್ನು ಕುಗ್ಗಿಸುವ ಗಣಿತ ಬೇಕಿತ್ತು. ಗಂಟಲಿನಲ್ಲಿ ಹುಟ್ಟುವ ಕಂಪನವನ್ನು ಬಾಯಿ ಮತ್ತು ನಾಲಗೆ ಹೇಗೆ ರೂಪಿಸುತ್ತವೆ ಎಂಬುದನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಟ್ಟು, ಧ್ವನಿತರಂಗದ ಮುಂದಿನ ಬಿಂದುವನ್ನು ಹಿಂದಿನ ಬಿಂದುಗಳಿಂದ ಊಹಿಸುವ ವಿಧಾನಕ್ಕೆ ರೇಖೀಯ ಮುನ್ಸೂಚನಾ ಸಂಕೇತನ ಎಂದು ಹೆಸರು. 1960ರ ದಶಕದಲ್ಲಿ ಜಪಾನಿನ ಇಟಾಕುರಾ ಮತ್ತು ಸೈಟೋ ಅವರೂ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಿಷ್ಣು ಅತಾಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಅವರೂ ಇದನ್ನು ಬೆಳೆಸಿದರು. ಅತಾಲ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂವಹನವನ್ನು ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ ಅಮೆರಿಕಕ್ಕೆ ಹೋದವರೆಂಬುದು ಕನ್ನಡ ನಾಡಿಗೂ ಈ ಚರಿತ್ರೆಗೂ ಇರುವ ನೇರ ನಂಟು. ಟೆಲಿಫೋನಿನ ಸಾಮಾನ್ಯ ಡಿಜಿಟಲ್ ಧ್ವನಿಗೆ ಸೆಕೆಂಡಿಗೆ 64,000 ಬಿಟ್ ಬೇಕಾಗುತ್ತಿದ್ದಾಗ, ಈ ವಿಧಾನವನ್ನು ಚಿಪ್ಪಿನಲ್ಲಿ ಅಳವಡಿಸಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ಹೊರತಂದ ಸ್ಪೀಕ್ ಆ್ಯಂಡ್ ಸ್ಪೆಲ್ ಎಂಬ ಮಕ್ಕಳ ಕಾಗುಣಿತ ಕಲಿಕೆಯ ಯಂತ್ರ ಸಾವಿರದ ಆಸುಪಾಸಿನ ಬಿಟ್‌ಗಳಲ್ಲಿ ಮಾತನಾಡಿತು. ಚಲಿಸುವ ಭಾಗವೇ ಇಲ್ಲದ ಮಾತುಗಾರ ಯಂತ್ರ ಆಗ ಮನೆಮನೆಗೆ ಬರುವಂತಾಯಿತು.

1980ರ ದಶಕದ ಆರಂಭದಲ್ಲಿ ಕಾರುಗಳೂ ಮಾತನಾಡಿದವು. ಕ್ರೈಸ್ಲರ್ ಕಂಪನಿಯ ಕೆಲವು ಮಾದರಿಗಳು 1983ರ ಹೊತ್ತಿಗೆ ಬಾಗಿಲು ಸರಿಯಾಗಿ ಮುಚ್ಚಿಲ್ಲ, ಇಂಧನ ಕಡಿಮೆಯಾಗಿದೆ ಎಂದು ಎಚ್ಚರಿಸುತ್ತಿದ್ದವು. ಒಂದೇ ದನಿ ಒಂದೇ ಮಾತನ್ನು ದಿನವೂ ಹೇಳುವುದು ಎಷ್ಟು ಬೇಗ ಬೇಸರ ತರುತ್ತದೆಂಬುದು ಅಲ್ಲಿ ಬಯಲಾಯಿತು; ದಶಕ ಮುಗಿಯುವ ಮುನ್ನವೇ ಈ ಸೌಲಭ್ಯ ಹೆಚ್ಚುಕಡಿಮೆ ಮರೆಯಾಯಿತು. ಮುಂದೆ ದಾರಿ ತೋರಿಸುವ ಜಿಪಿಎಸ್ ಉಪಕರಣಗಳು ಬಂದಾಗ ತಯಾರಕರು ದನಿಯ ಆಯ್ಕೆಯನ್ನು ಬಳಕೆದಾರರಿಗೆ ಬಿಟ್ಟುಕೊಟ್ಟರಷ್ಟೇ ಅಲ್ಲ, ಅದನ್ನು ಮಾರಾಟದ ಸರಕನ್ನಾಗಿಯೂ ಮಾಡಿದರು. ಟಾಮ್‌ಟಾಮ್ ಕಂಪನಿ 2009ರಲ್ಲಿ ಹೋಮರ್ ಸಿಂಪ್ಸನ್ ಎಂಬ ವ್ಯಂಗ್ಯಚಿತ್ರ ಪಾತ್ರದ ದನಿಯನ್ನು ಹಣಕ್ಕೆ ಇಳಿಸಿಕೊಳ್ಳಲು ಕೊಟ್ಟಿದ್ದು ಇದಕ್ಕೆ ಹೆಸರಾದ ಉದಾಹರಣೆ. ಯಂತ್ರದ ಕೆಲಸ ಒಂದು, ಅದರ ದನಿ ಇನ್ನೊಂದು, ಇವೆರಡನ್ನೂ ಬೇರ್ಪಡಿಸಬಹುದು ಎಂಬ ಅರಿವು ಇದರಿಂದ ಜನಸಾಮಾನ್ಯರಲ್ಲೂ ಹರಡಿತು.

ಗುಡಿಸುವ ರೋಬೋಟ್ ಮಾತ್ರ ಮೊದಲಿಗೆ ಮೂಕವಾಗಿತ್ತು. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ಟ್ರೈಲೊಬೈಟ್ 2001ರಲ್ಲಿ ಮಾರಾಟಕ್ಕೆ ಬಂದಿತು; ಅಮೆರಿಕದ ಐರೋಬೋಟ್ ಕಂಪನಿಯ ರೂಂಬಾ 2002ರ ಸೆಪ್ಟೆಂಬರಿನಲ್ಲಿ ಸುಮಾರು 200 ಡಾಲರ್ ಬೆಲೆಗೆ ದೊರೆಯತೊಡಗಿ ಈ ಯಂತ್ರವನ್ನು ಸಾಮಾನ್ಯ ಮನೆಗಳಿಗೆ ತಲುಪಿಸಿತು. ಮೊದಲ ರೂಂಬಾಗಳು ಬೀಪ್ ಸದ್ದು ಮತ್ತು ಚಿಕ್ಕ ನಾದಗಳಿಂದಲೇ ತಮ್ಮ ಸ್ಥಿತಿಯನ್ನು ಸೂಚಿಸುತ್ತಿದ್ದವು; ಯಾವ ಸದ್ದಿಗೆ ಯಾವ ತೊಂದರೆ ಎಂದು ತಿಳಿಯಲು ಕೈಪಿಡಿಯನ್ನು ನೋಡಬೇಕಿತ್ತು. ಆದರೆ ಈ ಹಂತದಲ್ಲಿಯೇ ಕಂಪನಿ ಒಂದು ಬಾಗಿಲನ್ನು ತೆರೆದಿಟ್ಟಿತು. ಯಂತ್ರದ ಕನೆಕ್ಟರಿಗೆ ಕಂಪ್ಯೂಟರನ್ನು ಜೋಡಿಸಿ ಆಜ್ಞೆ ಕೊಡುವ ನಿಯಮಾವಳಿಯನ್ನು ಅದು ಬಹಿರಂಗವಾಗಿ ಪ್ರಕಟಿಸಿತು. ಅದರ ಪ್ರಕಾರ ಒಡೆಯರು ತಲಾ 16 ಸ್ವರಗಳ 16 ಹಾಡುಗಳವರೆಗೆ ಯಂತ್ರದ ನೆನಪಿನಲ್ಲಿ ಬರೆದು ನುಡಿಸಬಹುದಿತ್ತು, ಪ್ರತಿ ಸ್ವರದ ಅವಧಿಯನ್ನು ಸೆಕೆಂಡಿನ 64ನೆಯ ಒಂದು ಭಾಗದ ಅಳತೆಯಲ್ಲಿ ಹೇಳಬಹುದಿತ್ತು. ಟಾಡ್ ಕರ್ಟ್ ಅವರು 2006ರಲ್ಲಿ ರೂಂಬಾವನ್ನು ಮಾರ್ಪಡಿಸುವ ಕುರಿತು ಇಡೀ ಪುಸ್ತಕವನ್ನೇ ಬರೆದರು. ಗುಡಿಸುವ ಯಂತ್ರದ ಸದ್ದನ್ನು ಬದಲಾಯಿಸುವ ರೂಢಿ ಹೀಗೆ ಮಾತಿಗಿಂತ ಮೊದಲು ಸಂಗೀತದಲ್ಲಿ, ಅದೂ ತಯಾರಕರ ಒಪ್ಪಿಗೆಯಿಂದಲೇ, ಶುರುವಾಯಿತು. 2007ರಲ್ಲಿ ಬಂದ 500ನೆಯ ಸರಣಿಯ ರೂಂಬಾಗಳು ದೋಷಗಳನ್ನು ಬಾಯಿಬಿಟ್ಟು ಹೇಳತೊಡಗಿದವು.

ಜಪಾನಿನಲ್ಲಿ ಶಾರ್ಪ್ ಕಂಪನಿ 2012ರಲ್ಲಿ ಮಾರುಕಟ್ಟೆಗೆ ತಂದ ಕೊಕೊರೊಬೊ ಈ ದಾರಿಯಲ್ಲಿ ಬೇರೊಂದು ತಿರುವು. ಹೇಳಿದ್ದನ್ನು ಒಂದಿಷ್ಟು ಅರ್ಥಮಾಡಿಕೊಂಡು ಉತ್ತರ ಕೊಡುವಂತೆ ರೂಪಿಸಿದ ಆ ಯಂತ್ರ ಶಿಷ್ಟ ಜಪಾನಿ ಭಾಷೆಯಲ್ಲದೆ, ಒಸಾಕಾ ಸುತ್ತಮುತ್ತಲಿನ ಕನ್ಸಾಯ್ ಆಡುಮಾತಿನಲ್ಲೂ ನುಡಿಯುತ್ತಿತ್ತು. ಹಿಂದಿನ ಮಾತನಾಡುವ ಗಡಿಯಾರಗಳು ಊರಿನ ರಾಗವನ್ನು ದೂರವಿಟ್ಟಿದ್ದವು. ಈ ಯಂತ್ರದಲ್ಲಿ ಅದೇ ರಾಗ ಆಪ್ತತೆಯ ಗುಣವಾಗಿ ಮರಳಿತು. ಮನೆಯೊಳಗೆ ಓಡಾಡುವ ಯಂತ್ರದಿಂದ ಜನರು ಕಚೇರಿಯ ಪ್ರಕಟಣೆಯ ಧಾಟಿಯನ್ನು ನಿರೀಕ್ಷಿಸುವುದಿಲ್ಲ, ಮನೆಮಾತನ್ನೇ ಬಯಸುತ್ತಾರೆ ಎಂಬುದನ್ನು ತಯಾರಕರು ಗುರುತಿಸಿದ ಕ್ಷಣವದು.

ಒಡೆಯರೇ ದನಿಯನ್ನು ಕೈಗೆತ್ತಿಕೊಂಡ ಅಧ್ಯಾಯ 2016ರ ನಂತರದ್ದು. ಆ ವರ್ಷ ಚೀನಾದಲ್ಲಿ ಶವೋಮಿ ಹೆಸರಿನಲ್ಲಿ ಬಿಡುಗಡೆಯಾದ, ಬೀಜಿಂಗಿನ ರೋಬೊರಾಕ್ ಕಂಪನಿ ತಯಾರಿಸಿದ ಗುಡಿಸುವ ರೋಬೋಟ್, ಲೇಸರ್ ಕಿರಣದಿಂದ ಮನೆಯ ನಕ್ಷೆ ತೆಗೆಯುವ ಸಾಮರ್ಥ್ಯವಿದ್ದರೂ ಅಗ್ಗವಾಗಿತ್ತಾದ್ದರಿಂದ ಯುರೋಪಿನ ಅನೇಕರು ಅದನ್ನು ಚೀನಾದಿಂದ ತರಿಸಿಕೊಂಡರು. ಚೀನೀ ಮಾರುಕಟ್ಟೆಗೆಂದು ಮಾಡಿದ ಆ ಯಂತ್ರ ಚೀನೀ ಭಾಷೆಯಲ್ಲಿ ಮಾತನಾಡುತ್ತಿತ್ತು. ಯಂತ್ರ ಎಲ್ಲೋ ಸಿಕ್ಕಿಕೊಂಡು ಸಹಾಯ ಕೇಳಿದರೂ ಮನೆಯವರಿಗೆ ಏನೆಂದು ತಿಳಿಯದಿದ್ದಾಗ, ಸೂಚನೆಗಳನ್ನು ಬದಲಾಯಿಸುವುದು ಹವ್ಯಾಸಕ್ಕಿಂತ ಹೆಚ್ಚಾಗಿ ಅಗತ್ಯವಾಯಿತು.

ಆ ಯಂತ್ರದಲ್ಲಿ ಸೂಚನೆಗಳು ಬಿಡಿಬಿಡಿ ಧ್ವನಿ ಫೈಲುಗಳಾಗಿದ್ದವು. ಅವೆಲ್ಲವನ್ನೂ ಒಟ್ಟುಗೂಡಿಸಿ, ಕುಗ್ಗಿಸಿ, ಗುಪ್ತಪದದಿಂದ ಬೀಗ ಹಾಕಿದ ಕಟ್ಟನ್ನು ವಾಯ್ಸ್ ಪ್ಯಾಕ್ ಎನ್ನುತ್ತಾರೆ. ಡೆನಿಸ್ ಗೀಸೆ ಮತ್ತು ಡೇನಿಯಲ್ ವೆಗೆಮರ್ ಎಂಬ ಸಂಶೋಧಕರು 2017ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ನಡೆದ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಎಂಬ ಸಮಾವೇಶದಲ್ಲಿ ಈ ಯಂತ್ರದ ಒಳಗನ್ನು ತೆರೆದು ತೋರಿಸಿದರು. ಒಳಗಿದ್ದದ್ದು ಉಬುಂಟು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ಪೂರ್ಣಪ್ರಮಾಣದ ಪುಟ್ಟ ಕಂಪ್ಯೂಟರ್. ಅಲ್ಯೂಮಿನಿಯಂ ಹಾಳೆಯ ಚೂರಿನಿಂದ ಸರ್ಕ್ಯೂಟಿನ ಬಿಂದುಗಳನ್ನು ಒಂದು ಕ್ಷಣ ಜೋಡಿಸಿ ಅವರು ಅದರ ಮೂಲಾಧಿಕಾರವನ್ನು, ಅಂದರೆ ಒಳಗಿನ ಯಾವ ಫೈಲನ್ನಾದರೂ ಓದಿ ಬದಲಾಯಿಸುವ ಅಧಿಕಾರವನ್ನು, ಪಡೆದಿದ್ದರು. ವಾಯ್ಸ್ ಪ್ಯಾಕಿನ ಗುಪ್ತಪದ ಎಲ್ಲ ಯಂತ್ರಗಳಿಗೂ ಒಂದೇ ಆಗಿದ್ದರಿಂದ, ಅದು ಒಮ್ಮೆ ತಿಳಿದ ಮೇಲೆ ಯಂತ್ರವನ್ನು ಬಿಚ್ಚುವ ಅಗತ್ಯವೂ ಉಳಿಯಲಿಲ್ಲ. ಮನೆಯ ವೈಫೈ ಜಾಲದಲ್ಲಿ ಯಂತ್ರಕ್ಕೆ ಸಂದೇಶ ಕಳುಹಿಸಿ, ಹೊಸ ಕಟ್ಟು ಇರುವ ವಿಳಾಸವನ್ನೂ ಅದರ ಸರಿತನವನ್ನು ತಾಳೆ ನೋಡುವ ಸಂಕೇತವನ್ನೂ ಕೊಟ್ಟರೆ ಯಂತ್ರವೇ ಅದನ್ನು ಇಳಿಸಿಕೊಂಡು ಬಳಸತೊಡಗುತ್ತಿತ್ತು.

ಇದರ ಸುತ್ತ ಒಂದು ಕಸುಬೇ ಬೆಳೆಯಿತು. ಯಾವ ಫೈಲು ಯಾವ ಸಂದರ್ಭದಲ್ಲಿ ನುಡಿಯುತ್ತದೆ ಎಂದು ಮೊದಲು ಪಟ್ಟಿ ಮಾಡಬೇಕು. ಪ್ರತಿ ಮಾತನ್ನೂ ತನ್ನ ಭಾಷೆಗೆ ತರಬೇಕು. ಬಳಿಕ ಅದನ್ನು ಸ್ವತಃ ಓದಿ ಮುದ್ರಿಸಬೇಕು, ಇಲ್ಲವೇ ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶಕ್ಕೆ ಒಪ್ಪಿಸಬೇಕು. ಹೊಸ ಫೈಲುಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟು, ದನಿಯ ಏರಿಳಿತವನ್ನು ಒಂದೇ ಮಟ್ಟಕ್ಕೆ ತಂದು, ಮತ್ತೆ ಕಟ್ಟಬೇಕು. ಒಬ್ಬರು ಮಾಡಿದ ಕಟ್ಟನ್ನು ಇತರರಿಗೆ ಉಚಿತವಾಗಿ ಕೊಡುವ ಪದ್ಧತಿ ಬೆಳೆದುದರಿಂದ ತಯಾರಕರು ಯೋಚಿಸಿಯೇ ಇರದ ಭಾಷೆಗಳಲ್ಲಿ ಈ ಯಂತ್ರಗಳು ಮಾತನಾಡುವಂತಾಯಿತು. 2018ರಲ್ಲಿ ಆರಂಭವಾದ ವಾಲೆಟ್ಯೂಡೊ ಎಂಬ ಮುಕ್ತ ತಂತ್ರಾಂಶ, ಯಂತ್ರವನ್ನು ಕಂಪನಿಯ ದೂರದ ಸರ್ವರುಗಳಿಂದ ಬಿಡಿಸಿ ಮನೆಯ ಜಾಲದೊಳಗೇ ನಡೆಯುವಂತೆ ಮಾಡುವುದನ್ನು ಮುಖ್ಯ ಗುರಿಯಾಗಿ ಇಟ್ಟುಕೊಂಡಿದ್ದರೂ, ವಾಯ್ಸ್ ಪ್ಯಾಕ್ ಬದಲಾಯಿಸುವ ಸೌಲಭ್ಯವನ್ನೂ ಒಳಗೊಂಡಿತು. ಮನೆಯ ನಕ್ಷೆ ಯಾರ ಬಳಿ ಇರಬೇಕು ಎಂಬ ಪ್ರಶ್ನೆಯೂ ಯಂತ್ರ ಯಾರ ದನಿಯಲ್ಲಿ ಮಾತನಾಡಬೇಕು ಎಂಬ ಪ್ರಶ್ನೆಯೂ ಒಂದೇ ಒಡೆತನದ ಎರಡು ಮುಖಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ತಯಾರಕರ ಪಕ್ಷದಲ್ಲೂ ನ್ಯಾಯವಿದೆ. ಹೊರಗಿನ ಫೈಲನ್ನು ಪರೀಕ್ಷಿಸದೆ ಒಪ್ಪುವ ಯಂತ್ರ, ಒಡೆಯರ ದನಿಯನ್ನು ಒಪ್ಪಿದಂತೆಯೇ ದುರುದ್ದೇಶದವರ ಆಜ್ಞೆಯನ್ನೂ ಒಪ್ಪಬಹುದಾದ್ದರಿಂದ, ನಂತರದ ಮಾದರಿಗಳಲ್ಲಿ ಒಳತಂತ್ರಾಂಶಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಗಿ, ಬೀಗಗಳು ಬಿಗಿಯಾದವು. ಆದರೆ ಧ್ವನಿಯನ್ನು ಆಜ್ಞೆಯಿಂದ ಬೇರೆಯಾಗಿ ಇಟ್ಟು, ಯಂತ್ರದ ಕೆಲಸಕ್ಕೆ ಅಪಾಯವಾಗದಂತೆ ದನಿಯನ್ನಷ್ಟೇ ಬದಲಾಯಿಸಲು ಅವಕಾಶ ಕೊಡುವುದು ಅಸಾಧ್ಯವಲ್ಲ. ಹದಿನಾರು ಸ್ವರಗಳ ಹಾಡಿಗೆ ಜಾಗ ಬಿಟ್ಟ ಹಳೆಯ ನಿಯಮಾವಳಿ ಅಂಥ ಮಿತಿಗೊಳಪಟ್ಟ ಸ್ವಾತಂತ್ರ್ಯಕ್ಕೆ ಮಾದರಿಯಾಗಿತ್ತು.

ಕನ್ನಡದ ಮಟ್ಟಿಗೆ ಈ ಚರಿತ್ರೆಗೆ ವಿಶೇಷ ಮಹತ್ವವಿದೆ. 2011ರ ಅಕ್ಟೋಬರಿನಲ್ಲಿ ಸಂಚಾರ ಆರಂಭಿಸಿದ ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಿಗೆ ದನಿಯಾದವರು ನಿರೂಪಕಿ, ನಟಿ ಅಪರ್ಣಾ. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ ನಾಡು ಅವರನ್ನು ಮೆಟ್ರೋದ ದನಿಯೆಂದೂ ನೆನೆಯಿತು ಎಂಬುದು, ಯಂತ್ರದ ಮೂಲಕ ಬರುವ ಮಾತಾದರೂ ಅದು ತಮ್ಮ ಭಾಷೆಯದಾಗಿ, ಅದನ್ನು ಆಡುವವರ ಉಚ್ಚಾರ ಶುದ್ಧವಾಗಿದ್ದರೆ ಜನರು ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದಕ್ಕೆ ಸಾಕ್ಷಿ. ಯಂತ್ರಕ್ಕೆ ಕನ್ನಡದ ದನಿ ಕೊಡಲು ಬೇಕಾದ ಸಾಧನಗಳಿಗೂ ಈಗ ಕೊರತೆಯಿಲ್ಲ: ಇಸ್ಪೀಕ್ ಎಂಬ ಮುಕ್ತ ತಂತ್ರಾಂಶ ಕನ್ನಡ ಪಠ್ಯವನ್ನು ಓದಬಲ್ಲದು; ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಿಗೆ ಪಠ್ಯದಿಂದ ಧ್ವನಿ ಹೊರಡಿಸಲು ಬೇಕಾದ ಧ್ವನಿಸಂಗ್ರಹವನ್ನು ರೂಪಿಸಿದೆ. ಗುಡಿಸುವ ರೋಬೋಟಿಗೆ ಸಾವಿರಾರು ಮಾತುಗಳು ಬೇಕಿಲ್ಲ. ಕನ್ನಡ ಬಲ್ಲ ಒಬ್ಬರು ಅದರ ಸೂಚನೆಗಳನ್ನೆಲ್ಲ ಒಂದು ದಿನದಲ್ಲಿ ಓದಿ ಮುಗಿಸಬಹುದು. ಇಂಗ್ಲಿಷ್ ತಿಳಿಯದ ಹಿರಿಯರೂ ಮನೆಗೆಲಸದವರೂ ಯಂತ್ರದ ಎಚ್ಚರಿಕೆಯನ್ನು ಕೇಳಿದೊಡನೆ ಅರ್ಥಮಾಡಿಕೊಳ್ಳುವಂತಾಗುವುದು ಅಷ್ಟು ಚಿಕ್ಕ ಶ್ರಮಕ್ಕೆ ದೊರೆಯುವ ದೊಡ್ಡ ಫಲ.

ಆದುದರಿಂದ ಈ ಚರಿತ್ರೆಯಿಂದ ಹೊರಡುವ ಬೇಡಿಕೆ ಸರಳವಾದದ್ದು. ಮಾತನಾಡುವ ಪ್ರತಿ ಉಪಕರಣದ ಜೊತೆಗೂ ಅದರ ಸೂಚನೆಗಳ ಪಟ್ಟಿಯನ್ನೂ, ಅವುಗಳನ್ನು ಬದಲಾಯಿಸುವ ಸುರಕ್ಷಿತ ವಿಧಾನವನ್ನೂ ತಯಾರಕರು ಪ್ರಕಟಿಸಬೇಕು. ಅಷ್ಟಾದರೆ ಉಳಿದುದನ್ನು ಆಯಾ ಭಾಷೆಯ ಜನರು ತಾವೇ ಮಾಡಿಕೊಳ್ಳಬಲ್ಲರೆಂಬುದನ್ನು ಶವೋಮಿ ಯಂತ್ರದ ಒಡೆಯರು ಈಗಾಗಲೇ ತೋರಿಸಿಕೊಟ್ಟಿದ್ದಾರೆ. ಹಣ ಕೊಟ್ಟು ಕೊಂಡ ಯಂತ್ರದ ಚಕ್ರ, ಬ್ರಷ್, ಬ್ಯಾಟರಿಗಳು ಒಡೆಯರದಾಗಿರುವಾಗ, ಅದು ಆ ಮನೆಯವರೊಡನೆ ಆಡುವ ಮಾತೂ ಅವರದೇ ಆಗಬೇಕಾದದ್ದು ನ್ಯಾಯ.