ಹವಳಕ್ಕೆ ಸುಣ್ಣದ ತಿಳಿ

ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ ಮರದ ಗೊಂಬೆಗೆ ಬಣ್ಣ ಬೀಳುವ ಮುಂಚೆ ಸುಣ್ಣ ಬೀಳುತ್ತದೆ. ತೆಲ್ಲ ಪೊಣಿಕಿ ಎಂಬ ಹಗುರ ಮರವನ್ನು ಕಾಯಿಸಿ ಒಣಗಿಸುತ್ತಾರೆ. ಬೇರೆಬೇರೆಯಾಗಿ ಕೆತ್ತಿದ ಕೈಕಾಲುಗಳನ್ನು ಹುಣಸೆಬೀಜದ ಪುಡಿಗೆ ಗರಗಸದ ಹೊಟ್ಟು ಕಲಸಿದ ‘ಮಕ್ಕು’ವಿನಿಂದ ಜೋಡಿಸುತ್ತಾರೆ. ಅದರ ಮೇಲೆ ಸುಣ್ಣದ ಒಂದು ಪದರ, ಆಮೇಲೆ ಬಣ್ಣ. ಗೊಂಬೆಗೂ ಗೋಡೆಗೂ ಬೇಕಾದದ್ದು ಸುಣ್ಣದ ಬಿಳಿ. ಆದರೆ ನೀರಲ್ಲಿ ಕದಡಿದ ಸುಣ್ಣವನ್ನು ಸುಮ್ಮನೆ ಬಿಟ್ಟರೆ ಆ ಬಿಳಿ ತಳ ಸೇರಿ ಮೇಲೆ ಕನ್ನಡಿಯಂಥ ತಿಳಿ ನಿಲ್ಲುತ್ತದೆ. ಸುಣ್ಣ ಬಳಿಯುವವರಿಗೆ ಅದರಿಂದ ಉಪಯೋಗವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗಾಜಿನ ತೊಟ್ಟಿಯೊಳಗೆ ಹವಳ ಸಾಕಲು ಹೊರಟವರು ಕೊನೆಗೆ ಬಂದು ನಿಂತದ್ದು ಆ ತಿಳಿಯ ಮುಂದೆ.

ಕನ್ನಡದ ಮನೆಗಳಿಗೆ ಅದು ಹೊಸದಲ್ಲ. ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದೊಡನೆ ಆರತಿಯ ತಟ್ಟೆ ಕೆಂಪಾಗುವುದು ಸುಣ್ಣದ ಕ್ಷಾರಗುಣದಿಂದ. ಸುಟ್ಟ ಗಾಯಕ್ಕೆ ಸುಣ್ಣದ ತಿಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಡೆದು ಹಚ್ಚುವ ಮನೆಮದ್ದೂ ಇತ್ತು. ಬ್ರಿಟನ್ನಿನಲ್ಲಿ ಮಾತ್ರ ಅದನ್ನು ಕುಡಿಯುತ್ತಿದ್ದರು, ಮೂತ್ರಕೋಶದ ಕಲ್ಲು ಕರಗಲೆಂದು! ಸುಟ್ಟ ಮೊಟ್ಟೆಚಿಪ್ಪು, ಬಸವನಹುಳುಗಳಿಂದ ಜೊವಾನಾ ಸ್ಟೀವನ್ಸ್ ಎಂಬಾಕೆ ಮಾಡುತ್ತಿದ್ದ ಔಷಧದ ಗುಟ್ಟನ್ನು ಪಾರ್ಲಿಮೆಂಟು 1739–40ರಲ್ಲಿ 5,000 ಪೌಂಡ್ ಕೊಟ್ಟು ಕೊಂಡಿತು. ಎಡಿನ್‌ಬರೋದಲ್ಲಿ ಇಬ್ಬರು ಪ್ರೊಫೆಸರುಗಳ ನಡುವೆ ಜಗಳವೇ ಹತ್ತಿತು. ರಾಬರ್ಟ್ ವಿಟ್ ಸಿಂಪಿ ಚಿಪ್ಪಿನ ಸುಣ್ಣವೇ ಮೇಲು ಎಂದರೆ, ಚಾರ್ಲ್ಸ್ ಆಲ್ಸ್ಟನ್ ಸುಣ್ಣಕಲ್ಲಿನದನ್ನು ಹಿಡಿದು ನಿಂತ. ಅಲ್ಲಿನ ವಿದ್ಯಾರ್ಥಿ ಜೋಸೆಫ್ ಬ್ಲ್ಯಾಕ್ ಇಬ್ಬರನ್ನೂ ಎದುರು ಹಾಕಿಕೊಳ್ಳದೆ ಮೆಗ್ನೀಷಿಯಾ ಎಂಬ ಬೇರೆ ಪುಡಿಯನ್ನು ಹಿಡಿದುಕೊಂಡ. ಜಾಣತನ ಫಲ ಕೊಟ್ಟಿತು. 1756ರಲ್ಲಿ ಅಚ್ಚಾದ ಅವನ ಪ್ರಬಂಧ ಸುಣ್ಣಕಲ್ಲಿನೊಳಗೆ ಒಂದು ಗಾಳಿ ಬಂಧಿಯಾಗಿದೆ, ಸುಟ್ಟಾಗ ಅದು ಬಿಟ್ಟುಹೋಗುತ್ತದೆ ಎಂದು ತೋರಿಸಿತು. ಮನುಷ್ಯರ ಉಸಿರಲ್ಲೂ ಅದೇ ಗಾಳಿ ಇದೆ ಎಂಬುದನ್ನು ಅವನು ಕಂಡುಕೊಂಡದ್ದು ಸುಣ್ಣದ ತಿಳಿಗೆ ಉಸಿರು ಊದಿ, ಅದು ಹಾಲಾದದ್ದನ್ನು ನೋಡಿ. ಶಾಲೆಯ ಪ್ರಯೋಗಾಲಯಗಳಲ್ಲಿ ಇವತ್ತಿಗೂ ನಡೆಯುವ ಪ್ರಯೋಗ ಅದು. ಆ ಗಾಳಿಯ ಈಗಿನ ಹೆಸರು ಇಂಗಾಲದ ಡೈಆಕ್ಸೈಡ್.

ಕಲ್ಲು ಹವಳ ಮಾಡುವುದು ಸುಣ್ಣದ ಗೂಡಿನ ಕೆಲಸಕ್ಕೆ ತಿರುವುಮುರುವು: ನೀರಿನ ಕ್ಯಾಲ್ಸಿಯಂಗೆ ಆ ಗಾಳಿಯ ಅಂಶವನ್ನು ಕೂಡಿಸಿ ಸುಣ್ಣಕಲ್ಲು ಕಟ್ಟುತ್ತದೆ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಲ್ಲಿ ಅದು ತೀರುವುದಿಲ್ಲ. ತೊಟ್ಟಿಯಲ್ಲಿ ತೀರುತ್ತದೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಜೀವಂತ ಬಂಡೆ, ಬಿಸಿಲು, ಗಾಳಿಗುಳ್ಳೆ ಇಷ್ಟರಿಂದಲೇ ಸಮುದ್ರಜೀವಿಗಳನ್ನು ಸಾಕುವ ಬಗೆಯನ್ನು ಬರೆದ. ಆದರೆ ಅವನಿಗೆ ಸಮುದ್ರ ಹತ್ತಿರವಿತ್ತು, ನೀರು ಬದಲಿಸಬಹುದಿತ್ತು. ಯುರೋಪಿನ ಒಳನಾಡಿನವರಿಗೆ ಆ ಸೌಕರ್ಯವಿರಲಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಒಂದನ್ನೇ ಸುರಿದರೆ ಕ್ಯಾಲ್ಸಿಯಂ ಏರಿದರೂ ನೀರಿನ ಕ್ಷಾರಗುಣ ಏರದು, ಹವಳಕ್ಕೆ ಎರಡೂ ಬೇಕು. ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಸೂಚಿಸಿದ್ದು ಸುಣ್ಣದ ತಿಳಿ. ಅದರ ಜರ್ಮನ್ ಹೆಸರು ‘ಕಾಲ್ಕ್‌ವಾಸರ್’ ಇಂಗ್ಲಿಷಿಗೂ ಹಾಗೇ ದಾಟಿತು. ಹವಳ ಬಳಸುವ ಪ್ರಮಾಣದಲ್ಲೇ ಅದು ಎರಡನ್ನೂ ಕೊಡುತ್ತದೆ, ಬೇಡದ ಉಪ್ಪನ್ನು ಉಳಿಸುವುದಿಲ್ಲ. ಸಾಗರ ತೊಟ್ಟಿಯ ಚರಿತ್ರೆಯಲ್ಲಿ ಇಷ್ಟು ಅಗ್ಗದ, ಇಷ್ಟು ಚೊಕ್ಕ ಉಪಾಯ ಬೇರೊಂದು ಇದ್ದಂತಿಲ್ಲ.

ಮಾಡುವ ಬಗೆ ಸುಲಭ, ತಪ್ಪುವುದೂ ಅಷ್ಟೇ ಸುಲಭ. ಒಂದು ಲೀಟರ್ ಶುದ್ಧೀಕರಿಸಿದ ನೀರಿಗೆ ಸುಮಾರು 2 ಗ್ರಾಂ ಅರಳಿದ ಸುಣ್ಣ. ಗೋಡೆಯ ಸುಣ್ಣವಲ್ಲ, ಎಲೆಅಡಿಕೆಯದೂ ಅಲ್ಲ; ಕಲಬೆರಕೆಯಿಲ್ಲದ ಪುಡಿ. ಲೀಟರಿಗೆ 1.7 ಗ್ರಾಂ ಆಸುಪಾಸು ಮಾತ್ರ ಕರಗುತ್ತದೆ. ಬಿಸಿನೀರಾದರೆ ಇನ್ನೂ ಕಡಿಮೆ, ಸಕ್ಕರೆಯ ರೀತಿಗೆ ಪೂರಾ ಉಲ್ಟಾ. ಕುಲುಕಿ, ಮುಚ್ಚಿಟ್ಟು, ಕೆಲವು ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆಯಬೇಕು. ಪಾತ್ರೆ ತೆರೆದಿಟ್ಟರೆ ಬ್ಲ್ಯಾಕ್ ಕಂಡ ಅದೇ ಗಾಳಿ ಮೇಲ್ಮೈಯಲ್ಲಿ ಬಿಳಿ ಕೆನೆ ಕಟ್ಟಿಸುತ್ತದೆ, ತಿಳಿಯ ಸತ್ವ ಇಳಿಯುತ್ತದೆ.

ಹಾಕುವುದು ಹನಿಹನಿಯಾಗಿ, ತೊಟ್ಟಿಯಿಂದ ಆವಿಯಾದ ನೀರಿನ ಬದಲಿಗೆ. ಹೊತ್ತು ರಾತ್ರಿ. ಬೆಳಕಿಲ್ಲದಾಗ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಹೀರುವುದಿಲ್ಲ, ನೀರಿನ ಪಿಎಚ್ ಇಳಿದಿರುತ್ತದೆ. ತಿಳಿಯ ಪಿಎಚ್ 12.4ರ ಹತ್ತಿರ, ಸಮುದ್ರದ್ದು 8ಕ್ಕಿಂತ ಸ್ವಲ್ಪವೇ ಮೇಲೆ. ಆತುರಪಟ್ಟು ಚೊಂಬಿನಿಂದ ಸುರಿದರೆ ಇಡೀ ತೊಟ್ಟಿಯಲ್ಲಿ ಸುಣ್ಣಕಲ್ಲಿನ ಪುಡಿ ಹಿಮದಂತೆ ಉದುರಿ, ಸಾಕಿದ ಜೀವಗಳು ಒಂದೇ ರಾತ್ರಿಯಲ್ಲಿ ಸಾಯಬಹುದು. ಕೈಗೂ ಕಣ್ಣಿಗೂ ಅದು ಸುಡುವ ವಸ್ತುವೇ. ಇದಕ್ಕೆ ಮಿತಿಯೂ ಉಂಟು. ಒಂದು ಲೀಟರ್ ತಿಳಿಯಲ್ಲಿ 0.9 ಗ್ರಾಂನಷ್ಟು ಕ್ಯಾಲ್ಸಿಯಂ. 100 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆರಿದರೆ, ತುಂಬಿಕೊಡಲಾಗುವುದು ಲೀಟರಿಗೆ 9 ಮಿಲಿಗ್ರಾಂ. ಹವಳದ ಹಸಿವು ಅದನ್ನು ಮೀರಿದರೆ ತಿಳಿ ಒಂದೇ ಸಾಲದು.

ಯುರೋಪಿನವರು ಹೀಗೆ ಹವಳಕ್ಕೆ ಸುಣ್ಣ ಉಣಿಸುವುದನ್ನು ಕಲಿಯುತ್ತಿದ್ದ ಕಾಲದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ಒಡೆದು ಸುಣ್ಣಕ್ಕೆಂದು ದಡಕ್ಕೆ ತರುತ್ತಿದ್ದರು. 1986ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾದ ಮೇಲೂ ಅದು ಪೂರ್ತಿ ನಿಲ್ಲಲಿಲ್ಲ. ದಿಬ್ಬಗಳು ಸವೆದು, 21 ದ್ವೀಪಗಳಲ್ಲಿ ಎರಡು ನೀರಿನ ಕೆಳಗೆ ಹೋದವು. 2001ರಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ಸೇರಿದವು. ಹುಲಿಗಿರುವ ರಕ್ಷಣೆ ಅವಕ್ಕೂ ಬಂತು. ಮನ್ನಾರಿನದಿರಲಿ, ಮುರುಡೇಶ್ವರದಾಚೆಯ ನೇತ್ರಾಣಿಯದಿರಲಿ, ಸಮುದ್ರದಿಂದ ಕಿತ್ತು ಮಾರುವುದು ಅಪರಾಧ. ವಿಶಾಖಪಟ್ಟಣದಲ್ಲೋ ಬೆಂಗಳೂರಿನಲ್ಲೋ ಸಮುದ್ರದ ತೊಟ್ಟಿ ಇಟ್ಟವರ ಸುಣ್ಣದ ತಿಳಿಗೆ ಆಗಲೂ ಕೆಲಸವಿದೆ: ಬಂಡೆಯ ಮೇಲೆ ಹಬ್ಬುವ ಗುಲಾಬಿ ಬಣ್ಣದ ಸುಣ್ಣಪಾಚಿಗೂ ಶಂಖದಹುಳುಗಳಿಗೂ ಅದೇ ಆಹಾರ.

ಮನ್ನಾರಿನಲ್ಲಿ ಈ ಶತಮಾನದ ಮೊದಲ ದಶಕದಿಂದ ಸಂಶೋಧಕರು ಹವಳದ ತುಣುಕುಗಳನ್ನು ಚಪ್ಪಡಿಗಳಿಗೆ ಕಟ್ಟಿ ಮತ್ತೆ ನೆಡುತ್ತಿದ್ದಾರೆ. ಚಪ್ಪಡಿಗಳು ಸಿಮೆಂಟಿನವು, ಅಂದರೆ ಸುಣ್ಣಕಲ್ಲು ಸುಟ್ಟು ಮಾಡಿದವು.