ಗೋಡೆಗೆ ಇಳಿದ ವಸಂತ

ಇಂಗ್ಲೆಂಡಿನವರಿಗೆ ವಸಂತವೆಂದರೆ ಏನೆಂಬುದನ್ನು ಅರಿಯಬೇಕಾದರೆ ಮೊದಲು ಅವರ ಚಳಿಗಾಲವನ್ನು ಅರಿಯಬೇಕು. ನಮ್ಮಲ್ಲಿ ಮಾವು ಚಿಗುರುವ ಹೊತ್ತಿಗೆ ಬಿಸಿಲು ಏರತೊಡಗಿ ನಾವು ನೆರಳನ್ನು ಹುಡುಕುತ್ತೇವೆ. ಅಲ್ಲಿಯ ಜನ ಬಿಸಿಲನ್ನೇ ಹುಡುಕುತ್ತಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಂತೂ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಿದ್ದ; ಮುಳುಗುವ ಮುಂಚೆಯೂ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ಅವನನ್ನು ಮರೆಮಾಡುತ್ತಿತ್ತು. ತಿಂಗಳುಗಟ್ಟಲೆ ಹೀಗೆ ಕಳೆದ ಮೇಲೆ, ಮಾರ್ಚಿ ತಿಂಗಳಲ್ಲಿ ಹುಲ್ಲಿನ ನಡುವೆ ಡೇಸಿ ಹೂವೊಂದು ಕಣ್ಣು ತೆರೆದರೆ ಅದು ಅವರಿಗೆ ಬರಿಯ ಹೂವಲ್ಲ, ಬಿಡುಗಡೆಯ ಸುದ್ದಿ. ಇಂಥ ಊರಿನ ಜನ ವಸಂತವನ್ನು ಮನೆಯೊಳಕ್ಕೆ ತಂದು ವರ್ಷವಿಡೀ ಇಟ್ಟುಕೊಳ್ಳಲು ಹಂಬಲಿಸಿದರೆ ಅದರಲ್ಲಿ ಸೋಜಿಗವೇನು?

ಆ ಹಂಬಲಕ್ಕೆ ಒದಗಿದ ಸಾಧನವೇ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ. ಬ್ರಿಟನ್ನಿನಲ್ಲಿ 1712ರಿಂದ ಈ ಗೋಡೆಕಾಗದದ ಮೇಲೆ ಸುಂಕವಿತ್ತು. 1836ರಲ್ಲಿ ಅದನ್ನು ತೆಗೆದುಹಾಕಿದರು. ಅದರ ಹಿಂದೆಯೇ ಉಗಿಯಂತ್ರದಲ್ಲಿ ಅಚ್ಚೊತ್ತುವ ಪದ್ಧತಿ ಬಂದು ಬೆಲೆ ಇಳಿಯಿತು. ಸಿರಿವಂತರ ದಿವಾನಖಾನೆಯಲ್ಲಿದ್ದ ವಸ್ತು ಗುಮಾಸ್ತೆಯ ಮನೆಗೂ, ಕೂಲಿಗಾರನ ಒಂಟಿಕೋಣೆಗೂ ಬಂತು. ಹಾಗೆ ಬಂದ ಬಣ್ಣಗಳಲ್ಲಿ ಎಲ್ಲರೂ ಮೆಚ್ಚಿದ್ದು ಹಸಿರು. ಎಳೆ ಚಿಗುರಿನ ಹೊಳಪುಳ್ಳ ಹಸಿರು.

ಈ ಹಸಿರಿನ ಕಥೆಯನ್ನು ಹೇಳಲು ನಾನು ಗೆಳೆಯರ ಗುಂಪೊಂದನ್ನು ಆರಿಸಿಕೊಂಡಿದ್ದೇನೆ. ಗೃಹಾಲಂಕಾರದ ಚರಿತ್ರೆಯಲ್ಲಿ ವಸಂತವನ್ನು ಅವರಷ್ಟು ಮನಸಾರೆ ಪ್ರೀತಿಸಿದವರು ವಿರಳ. ಆದ್ದರಿಂದಲೇ ಅವರ ಕಥೆಯಲ್ಲಿ ನಾವು ಯೋಚಿಸಬೇಕಾದ ಸಂಗತಿ ಒಂದಿದೆ.

1834ರ ಮಾರ್ಚಿ ತಿಂಗಳಲ್ಲಿ, ವಸಂತ ಮೊದಲಾಗುವ ದಿನಗಳಲ್ಲೇ, ಹುಟ್ಟಿದ ವಿಲಿಯಂ ಮಾರಿಸ್ ಈ ಗುಂಪಿನ ಜೀವಾಳ. ಮದುವೆಯಾದ ಹೊಸದರಲ್ಲಿ ಲಂಡನ್ನಿನ ಹೊರವಲಯದ ಬೆಕ್ಸ್‌ಲಿಹೀತಿನಲ್ಲಿ ಅವರು ಮನೆಯೊಂದನ್ನು ಕಟ್ಟಿಸಿದರು. ಅದಕ್ಕೆ ನಕ್ಷೆ ಬರೆದವರು ಅವರ ಸ್ನೇಹಿತ ಫಿಲಿಪ್ ವೆಬ್. ಕೆಂಪು ಇಟ್ಟಿಗೆಯ ಆ ಮನೆಗೆ ‘ರೆಡ್ ಹೌಸ್’ ಎಂದೇ ಹೆಸರಾಯಿತು. 1860ರಲ್ಲಿ ಒಕ್ಕಲು ಬಂದಾಗ ಅಂಗಡಿಗಳಲ್ಲಿ ಸಿಗುವ ಸಾಮಾನು ಯಾವುದೂ ಮಾರಿಸರ ಮನಸ್ಸಿಗೆ ಹಿಡಿಸಲಿಲ್ಲ. ಸರಿ, ಗೆಳೆಯರೆಲ್ಲ ಕೂಡಿ ತಾವೇ ಮಾಡತೊಡಗಿದರು. ಒಬ್ಬರು ಗೋಡೆಗೆ ಚಿತ್ರ ಬರೆದರು, ಇನ್ನೊಬ್ಬರು ಮೇಜು ಕುರ್ಚಿಗಳ ರೂಪ ಗೀಚಿದರು. ಮಾರಿಸರ ಪತ್ನಿ ಜೇನ್ ಅಂಗಡಿಯಲ್ಲಿ ಕಂಡ ನೀಲಿ ಉಣ್ಣೆಬಟ್ಟೆಯೊಂದನ್ನು ತಂದರು. ಅದರ ಮೇಲೆ ಗಂಡಹೆಂಡಿರಿಬ್ಬರೂ ಸೇರಿ ಡೇಸಿ ಹೂವುಗಳ ಕಸೂತಿ ಹಾಕಿದರು.

ಈ ಮನೆಯಾಟವೇ 1861ರಲ್ಲಿ ವ್ಯಾಪಾರ ಸಂಸ್ಥೆಯಾಯಿತು. ಮಾರಿಸ್, ಮಾರ್ಷಲ್, ಫಾಕ್ನರ್ ಎಂಬ ಮೂವರ ಹೆಸರಿನಲ್ಲಿ ಸಂಸ್ಥೆ ನಡೆದರೂ ಪಾಲುದಾರರು ಏಳು ಮಂದಿ. ಕವಿ ಚಿತ್ರಕಾರ ರೊಸೆಟ್ಟಿ, ಬರ್ನ್-ಜೋನ್ಸ್, ಮ್ಯಾಡಾಕ್ಸ್ ಬ್ರೌನ್, ವೆಬ್, ಎಲ್ಲರೂ ಅದರಲ್ಲಿದ್ದರು. ತಲೆಗೊಂದು ಪೌಂಡಿನ ಪಾಲು. ಮಾರಿಸರ ತಾಯಿ ಕೊಟ್ಟ 100 ಪೌಂಡುಗಳ ಸಾಲ. ಇಷ್ಟೇ ಮೊದಲ ಬಂಡವಾಳ. ಮನೆಯ ಒಳಗನ್ನು ಇಡಿಯಾಗಿ, ಗೋಡೆಯಿಂದ ಗಾಜಿನವರೆಗೆ, ಒಂದೇ ಮನಸ್ಸಿನಿಂದ ರೂಪಿಸಬೇಕೆಂಬುದು ಅವರ ಹಟ.

ಅವರ ಸ್ಫೂರ್ತಿಯೆಲ್ಲ ಬೇಲಿ, ಬಯಲು, ಹೊಳೆದಂಡೆಗಳಿಂದ ಬಂದದ್ದು. ಮಾರಿಸರು ಮೊದಲು ರೂಪಿಸಿದ ಗೋಡೆಕಾಗದದಲ್ಲಿ ರೆಡ್ ಹೌಸಿನ ತೋಟದ ಚಿತ್ರವಿದೆ: ಮರದ ಪಟ್ಟಿಗಳ ಹಂದರ, ಅದರ ಮೇಲೆ ಹಬ್ಬಿದ ಗುಲಾಬಿ, ನಡುನಡುವೆ ಹಕ್ಕಿ. ಹಕ್ಕಿಗಳನ್ನು ಬರೆಯುವ ಧೈರ್ಯ ಮಾರಿಸರಿಗೆ ಆಗಿನ್ನೂ ಇರಲಿಲ್ಲವಾಗಿ ಅವನ್ನು ವೆಬ್ ಬರೆದುಕೊಟ್ಟರು. ‘ಟ್ರೆಲ್ಲಿಸ್’, ಎಂದರೆ ಹಂದರ, ಎಂಬ ಹೆಸರಿನ ಈ ಕಾಗದವೂ ‘ಡೇಸಿ’ ಎಂಬ ಇನ್ನೊಂದೂ 1864ರಲ್ಲಿ ಮಾರಾಟಕ್ಕೆ ಬಂದವು. ಮುಂದೆ 1876ರಲ್ಲಿ ಏಪ್ರಿಲಿನ ಹಸಿ ಹುಲ್ಲುಗಾವಲುಗಳಲ್ಲಿ ಅರಳುವ ‘ಹಾವಿನ ತಲೆ’ ಎಂಬ ಹೂವು ಅವರ ಅಚ್ಚುಬಟ್ಟೆಗೆ ಇಳಿಯಿತು. ಆ ಚಿತ್ತಾರದಲ್ಲಿ ಭಾರತದ ಚೀಟಿಬಟ್ಟೆಗಳ ಛಾಯೆಯನ್ನು ಬಲ್ಲವರು ಗುರುತಿಸುತ್ತಾರೆ. 1887ರಲ್ಲಿ ವಿಲ್ಲೋ ಮರದ ಎಲೆಗಳು ಬಂದವು. ನಮ್ಮ ಹೊಳೆದಂಡೆಯ ನೀರವಂಜಿಯ ಕುಲದ ಮರ ಅದು. ಮಾರಿಸರ ಮಗಳು ಮೇ ಮಾರಿಸ್ ಸ್ವತಃ ನುರಿತ ಕಲಾವಿದೆ. 23ನೆಯ ವಯಸ್ಸಿನಲ್ಲೇ ಸಂಸ್ಥೆಯ ಕಸೂತಿ ವಿಭಾಗದ ಹೊಣೆ ಹೊತ್ತವರು. ತಂದೆ ಹೊಳೆಯ ಬದಿಯಲ್ಲಿ ಅಡ್ಡಾಡುತ್ತ ವಿಲ್ಲೋ ಎಲೆಗಳ ರೂಪಭೇದಗಳನ್ನು ತೋರಿಸಿಕೊಟ್ಟದ್ದನ್ನು ಆಕೆ ನೆನೆದಿದ್ದಾರೆ.

ಹೀಗೆ ಎಲೆ ಎಲೆಯನ್ನೂ ಕಣ್ಣಿಟ್ಟು ನೋಡಿದ ಗುಂಪು ಅದು. ಆದರೆ ಎಲೆಗೆ ಹಾಕಿದ ಹಸಿರು ಎಲ್ಲಿಯದು?

1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ತಾಮ್ರವನ್ನೂ ಪಾಷಾಣವನ್ನೂ ಕೂಡಿಸಿ ಹೊಸ ಹಸಿರೊಂದನ್ನು ಕಂಡುಹಿಡಿದಿದ್ದರು. ಇಲ್ಲಿ ಪಾಷಾಣವೆಂದರೆ ಆರ್ಸೆನಿಕ್. ಇಲಿಗಳಿಗೆ ಇಡುತ್ತಿದ್ದ ಆ ವಿಷವೇ. 1814ರಲ್ಲಿ ಜರ್ಮನಿಯ ಷ್ವೈನ್‌ಫರ್ಟಿನಲ್ಲಿ ಅದಕ್ಕಿಂತ ಹೊಳಪಿನ ಇನ್ನೊಂದು ಹಸಿರು ಹುಟ್ಟಿತು. ಅದರಲ್ಲಿಯೂ ತಾಮ್ರ, ಪಾಷಾಣಗಳೇ. ಬೆಲೆ ಅಗ್ಗ, ನೋಟಕ್ಕೆ ಚೆಲುವು. ಗೋಡೆಕಾಗದ, ಉಡುಪು, ಹೆಂಗಸರ ಟೋಪಿಗೆ ಸಿಕ್ಕಿಸುವ ಬಟ್ಟೆಯ ಎಲೆ, ಆಟದ ಸಾಮಾನು, ಎಲ್ಲಕ್ಕೂ ಇದೇ ಬಣ್ಣ ಬಳಕೆಗೆ ಬಂತು.

ಫಲ ಕಾಣತೊಡಗಲು ಬಹಳ ಕಾಲ ಹಿಡಿಯಲಿಲ್ಲ. ನಮ್ಮ ಗೆಳೆಯರು ಸಂಸ್ಥೆ ಕಟ್ಟಿದ 1861ರಲ್ಲೇ, ಲಂಡನ್ನಿನಲ್ಲಿ ಕೃತಕ ಎಲೆಗಳಿಗೆ ಹಸಿರು ಪುಡಿ ಹಾಕುವ ಕೆಲಸದಲ್ಲಿದ್ದ 19 ವರ್ಷದ ಹುಡುಗಿಯೊಬ್ಬಳು ಪಾಷಾಣ ಮೈಗೇರಿ ಸತ್ತಳು. ಮರುವರ್ಷ ಲೈಮ್‌ಹೌಸ್ ಎಂಬ ಬಡವರ ಕೇರಿಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಗಂಟಲುಮಾರಿ ಇರಬಹುದೆಂದು ಮೊದಲು ಎಣಿಸಿದರು. ಆದರೆ ನೆರೆಯ ಮಕ್ಕಳಿಗೆ ರೋಗ ತಗುಲಲಿಲ್ಲ. ಕೋಣೆಯ ಗೋಡೆಯಲ್ಲಿ ಹಸಿರು ಕಾಗದವಿತ್ತು. ರಸಾಯನಶಾಸ್ತ್ರಜ್ಞ ಹೆನ್ರಿ ಲೆದಬಿ ಅದನ್ನು ಪರೀಕ್ಷಿಸಿ ಪಾಷಾಣವಿದೆಯೆಂದು ಸಾಕ್ಷ್ಯ ನುಡಿದರು. ಪಂಚಾಯತರು ಮಾತ್ರ ಸಹಜ ಮರಣವೆಂದೇ ತೀರ್ಪಿತ್ತರು.

ಗೋಡೆಯಲ್ಲಿದ್ದ ವಿಷ ಮೈಯೊಳಗೆ ಸೇರುವುದು ಹೇಗೆ? ಬಣ್ಣ ಉದುರಿ ಧೂಳಾಗಿ ಉಸಿರಿನೊಡನೆ ಹೋಗುವುದು ಒಂದು ದಾರಿ. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದು ಪಾಷಾಣವನ್ನು ಅನಿಲವನ್ನಾಗಿ ಮಾರ್ಪಡಿಸುವುದು ಇನ್ನೊಂದು. ಈ ಎರಡನೆಯದನ್ನು ಇಟಲಿಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು. ಹೆಚ್ಚಿನ ಕೇಡು ಧೂಳಿನದೋ ಅನಿಲದ್ದೋ ಎಂಬ ಚರ್ಚೆ ಈಗಲೂ ವಿದ್ವಾಂಸರಲ್ಲಿದೆ.

ಈಗ ಕಥೆಯ ಕಠಿನ ಭಾಗಕ್ಕೆ ಬಂದೆವು. 2003ರಲ್ಲಿ ಅಬರ್ಡೀನ್ ವಿಶ್ವವಿದ್ಯಾನಿಲಯದ ಆಂಡ್ರೂ ಮೆಹಾರ್ಗ್ ಎಂಬ ವಿಜ್ಞಾನಿ ಮಾರಿಸ್ ಸಂಸ್ಥೆಯ ‘ಟ್ರೆಲ್ಲಿಸ್’ ಕಾಗದದ ಹಳೆಯ ತುಣುಕೊಂದನ್ನು ಪರೀಕ್ಷಿಸಿದರು. ಗುಲಾಬಿಯ ಎಲೆಗಳ ಹಸಿರಿನಲ್ಲಿ ತಾಮ್ರವೂ ಪಾಷಾಣವೂ ಇದ್ದವು.

ಅಷ್ಟೇ ಆಗಿದ್ದರೆ, ಕಾಲದ ರೂಢಿಯೆಂದು ನಾವು ಸುಮ್ಮನಾಗಬಹುದಿತ್ತು. ಆದರೆ ಮಾರಿಸರಿಗೂ ಪಾಷಾಣಕ್ಕೂ ಇದ್ದ ನಂಟು ಇನ್ನೂ ಹತ್ತಿರದ್ದು. ಅವರ ತಂದೆ 1844ರ ಸುಮಾರಿನಲ್ಲಿ ಡೆವನ್ ಪ್ರಾಂತದ ‘ಡೆವನ್ ಗ್ರೇಟ್ ಕನ್ಸೋಲ್ಸ್’ ಎಂಬ ತಾಮ್ರದ ಗಣಿಯಲ್ಲಿ ಹಣ ತೊಡಗಿಸಿ ಸಿರಿವಂತರಾದವರು. ಮಗನಿಗೆ ದುಡಿಮೆಯ ಚಿಂತೆಯಿಲ್ಲದೆ ಕಲೆಗೆ ಮನಸ್ಸು ಕೊಡಲು ಸಾಧ್ಯವಾದದ್ದು ಆ ಗಣಿಯ ವರಮಾನದಿಂದ. 1860ರ ದಶಕದ ಕೊನೆಗೆ ತಾಮ್ರದ ಅದಿರು ಕಡಿಮೆಯಾಗತೊಡಗಿದಾಗ ಗಣಿಯವರು ಪಾಷಾಣದ ತಯಾರಿಕೆಗೆ ಕೈಹಚ್ಚಿದರು. ಒಂದು ಕಾಲಕ್ಕೆ ಜಗತ್ತಿನ ಪಾಷಾಣದಲ್ಲಿ ಸುಮಾರು ಅರ್ಧದಷ್ಟು ಆ ಗಣಿಯಿಂದಲೂ ಅದರ ಸುತ್ತಣ ಗಣಿಗಳಿಂದಲೂ ಬರುತ್ತಿತ್ತು. ಅದಿರನ್ನು ಕುಲುಮೆಯಲ್ಲಿ ಸುಟ್ಟಾಗ ಏಳುವ ಹೊಗೆ ಉದ್ದನೆಯ ಸುರಂಗದಂಥ ಕೊಳವಿಗಳಲ್ಲಿ ಹಾದು ಬಿಳಿಯ ಪುಡಿಯಾಗಿ ಗೋಡೆಗೆ ಕಟ್ಟುತ್ತಿತ್ತು. ಕೂಲಿಗಳು ಮೂಗಿಗೆ ಹತ್ತಿ ತುರುಕಿ, ಬಾಯಿಗೆ ಬಟ್ಟೆ ಕಟ್ಟಿ, ಒಳಹೊಕ್ಕು ಅದನ್ನು ಕೆರೆದು ತೆಗೆಯುತ್ತಿದ್ದರು. ಮೈ ಬೆವೆತಲ್ಲೆಲ್ಲ ಹುಣ್ಣಾಗುತ್ತಿತ್ತು. 1871ರಿಂದ 1875ರವರೆಗೆ ಆ ಕಂಪನಿಯ ನಿರ್ದೇಶಕ ಮಂಡಲಿಯಲ್ಲಿ ವಿಲಿಯಂ ಮಾರಿಸರೂ ಇದ್ದರು. ಆ ಹುದ್ದೆ ಬಿಟ್ಟಮೇಲೆ, ಸಭೆಗೆ ಧರಿಸುತ್ತಿದ್ದ ಎತ್ತರದ ಟೋಪಿಯ ಮೇಲೆ ಕುಳಿತು ಅದನ್ನು ಅಪ್ಪಚ್ಚಿ ಮಾಡಿದರೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ.

1883ರಲ್ಲಿ ಮಾರಿಸರು ಸಮಾಜವಾದಿಗಳ ಪಕ್ಷ ಸೇರಿದರು. ಸಿರಿವಂತರ ಭೋಗಕ್ಕೆ ಊಳಿಗ ಮಾಡುವುದೇ ತನ್ನ ಬಾಳಾಯಿತೆಂದು ಅವರು ಗ್ರಾಹಕರೊಬ್ಬರ ಮುಂದೆಯೇ ಸಿಡಿಮಿಡಿಗೊಂಡದ್ದುಂಟು. ಬೀದಿ ಬೀದಿಯಲ್ಲಿ ನಿಂತು ಕೂಲಿಗಾರರ ಪರವಾಗಿ ಭಾಷಣ ಮಾಡಿದರು. ಅವರ ಪ್ರಾಮಾಣಿಕತೆಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ 1885ರ ಅಕ್ಟೋಬರಿನಲ್ಲಿ, ಬಣ್ಣಗಾರ ಗೆಳೆಯ ತಾಮಸ್ ವಾರ್ಡಲ್‌ಗೆ ಬರೆದ ಕಾಗದದಲ್ಲಿ ಅವರು ಪಾಷಾಣದ ಭಯವನ್ನು ಬರಿಯ ಮರುಳೆಂದು ತಳ್ಳಿಹಾಕಿದ್ದಾರೆ. ರೋಗದ ಮೂಲ ತಿಳಿಯದ ವೈದ್ಯರು ತಪ್ಪನ್ನು ಗೋಡೆಕಾಗದದ ಮೇಲೆ ಹೊರಿಸುತ್ತಾರೆ, ನಿಜವಾದ ದೋಷ ಪಾಯಿಖಾನೆಯದು ಎಂಬುದು ಅವರ ವಾದ. ಸಂಸ್ಥೆಯ ಕಾಗದವನ್ನು ಅಚ್ಚೊತ್ತುತ್ತಿದ್ದ ಜೆಫ್ರಿ ಕಂಪನಿ ಅಷ್ಟು ಹೊತ್ತಿಗೆ ವಿಷವಿಲ್ಲದ ಬಣ್ಣಗಳಿಗೆ ಹೊರಳಿತ್ತು. ಬ್ರಿಟನ್ನಿನ ಸರ್ಕಾರ ಇಂಥ ಗೋಡೆಕಾಗದವನ್ನು ನಿಷೇಧಿಸುವ ಕಾನೂನನ್ನು ತರಲೇ ಇಲ್ಲ. ಮಾರುಕಟ್ಟೆಯಿಂದ ಆ ಹಸಿರನ್ನು ಓಡಿಸಿದ್ದು ಕೊಳ್ಳುವವರ ಭಯ.

ಇಷ್ಟಾದರೂ ಈ ಮನುಷ್ಯನೇ ವಿಷವಿಲ್ಲದ ಹಸಿರಿನ ದಾರಿಯನ್ನು ತುಳಿದದ್ದು ಚರಿತ್ರೆಯ ಸೋಜಿಗ. ಬಟ್ಟೆಗೆ ಬಣ್ಣ ಕಟ್ಟುವಾಗ ಅವರಿಗೆ ಹೊಸ ಕೃತಕ ಬಣ್ಣಗಳ ಕಣ್ಣುಕುಕ್ಕುವ ಅಬ್ಬರ ಸೇರಲಿಲ್ಲ. ಹಳೆಯ ಗ್ರಂಥಗಳನ್ನು ಹುಡುಕಿ, ಲೀಕ್ ಪಟ್ಟಣದ ವಾರ್ಡಲ್ ಅವರ ಕಾರ್ಖಾನೆಯಲ್ಲಿ ಮೊಳಕೈವರೆಗೆ ನೀಲಿಯಾಗಿಸಿಕೊಂಡು ಬಣ್ಣದ ಕೆಲಸ ಕಲಿತರು. 1881ರಲ್ಲಿ ವಾಂಡಲ್ ಹೊಳೆಯ ಬದಿಯ ಮರ್ಟನ್ ಆಬೆಯಲ್ಲಿ ಸ್ವಂತ ಕಾರ್ಖಾನೆ ತೆರೆದರು. ಅಲ್ಲಿ ಬಟ್ಟೆಯನ್ನು ಮೊದಲು ನೀಲಿಯ ತೊಟ್ಟಿಯಲ್ಲಿ ಅದ್ದಿ, ಚಿತ್ತಾರ ಬೇಕಾದ ಕಡೆ ನೀಲಿಯನ್ನು ತೆಗೆದು, ಆಮೇಲೆ ಕೆಂಪು ಹಳದಿಗಳನ್ನು ಒತ್ತುತ್ತಿದ್ದರು. ತಿಳಿನೀಲಿಯ ಮೇಲೆ ಹಳದಿ ಬಿದ್ದಲ್ಲಿ ಹಸಿರು. ಥ್ರಷ್ ಹಕ್ಕಿಗಳು ಹಣ್ಣು ಕದಿಯುವ ‘ಸ್ಟ್ರಾಬೆರಿ ಥೀಫ್’ ಎಂಬ 1883ರ ಹೆಸರಾಂತ ಬಟ್ಟೆ ಹೀಗೆ ಆದದ್ದು. ಆ ಎಲೆಗಳಲ್ಲಿ ಪಾಷಾಣವಿಲ್ಲ. ಆದರೆ ಅದನ್ನು ಬಿಡಿಸಿದ್ದು ವಿಷದ ಭಯವಲ್ಲ, ಕಣ್ಣಿನ ರುಚಿ.

ನೀಲಿಯೆಂದೊಡನೆ ನಮ್ಮ ದೇಶದ ನೆನಪಾಗದೆ ಇರುವುದು ಹೇಗೆ? ಆ ದಿನಗಳಲ್ಲಿ ಲಂಡನ್ನಿನ ಮಾರುಕಟ್ಟೆಗೆ ಬರುತ್ತಿದ್ದ ನೀಲಿಯ ಬಹುಪಾಲು ಬಂಗಾಳ ಬಿಹಾರಗಳದು. ಬತ್ತ ಬೆಳೆಯಬೇಕಾದ ನೆಲದಲ್ಲಿ ಬಲವಂತದಿಂದ ನೀಲಿ ಬಿತ್ತಿಸಿದ ದೊರೆಗಳ ವಿರುದ್ಧ ಬಂಗಾಳದ ರೈತರು ದಂಗೆಯೆದ್ದದ್ದು 1859ರಲ್ಲಿ, ಎಂದರೆ ರೆಡ್ ಹೌಸಿನ ಗೋಡೆಗಳು ಏಳುತ್ತಿದ್ದ ವರ್ಷದಲ್ಲೇ. 1897ರಲ್ಲಿ ಜರ್ಮನರ ಕೃತಕ ನೀಲಿ ಮಾರುಕಟ್ಟೆಗೆ ಬಂದರೂ, 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋಗಬೇಕಾಗಿ ಬಂದದ್ದು ಆ ನೀಲಿಯ ಗೋಳಿನಿಂದಲೇ.

ಮಾರಿಸರು 1896ರಲ್ಲಿ ತೀರಿಕೊಂಡರು. ಸಂಸ್ಥೆ 1940ರಲ್ಲಿ ಮುಚ್ಚಿತು. ಗೋಡೆಕಾಗದದ ಅಚ್ಚುಗಳು ಸ್ಯಾಂಡರ್ಸನ್ ಕಂಪನಿಯ ಕೈಸೇರಿ ಆ ಡೇಸಿ, ವಿಲ್ಲೋಗಳು ಇಂದಿಗೂ ನಿರಪಾಯವಾದ ಬಣ್ಣಗಳಲ್ಲಿ ಮಾರಾಟವಾಗುತ್ತಿವೆ. ಚೆಲುವು ಉಳಿದಿದೆ; ಉಳಿಯತಕ್ಕದ್ದೇ. ಅದನ್ನು ಕಂಡು ಸಂತೋಷಪಡುವವರಲ್ಲಿ ನಾನೂ ಒಬ್ಬ.

1880ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಮಾರಿಸರು ಮನೆಯ ಸಾಮಾನಿಗೆ ಎರಡು ಪರೀಕ್ಷೆಗಳನ್ನು ಹೇಳಿದ್ದರು: ಅದು ಉಪಯುಕ್ತವೆಂದು ನಮಗೆ ಗೊತ್ತಿರಬೇಕು, ಇಲ್ಲವೆ ಸುಂದರವೆಂಬ ನಂಬಿಕೆಯಿರಬೇಕು, ಎರಡೂ ಅಲ್ಲದ್ದನ್ನು ಮನೆಯಲ್ಲಿ ಇಡಬಾರದು. ಒಳ್ಳೆಯ ಮಾತು. ಅವರದೇ ಬಾಳನ್ನು ಓದಿದ ಮೇಲೆ ಅದಕ್ಕೆ ಮೂರನೆಯದೊಂದನ್ನು ಸೇರಿಸಬೇಕೆಂದು ನನಗೆ ತೋರುತ್ತದೆ: ಅದು ಯಾರ ಕೈಯಿಂದ, ಏನನ್ನು ತೆತ್ತು ಬಂತೆಂಬುದನ್ನೂ ನಾವು ವಿಚಾರಿಸಬೇಕು. ಎಲೆಯ ಅಂಚಿನ ಬಾಗನ್ನು ಅಷ್ಟು ಚೆನ್ನಾಗಿ ಬಲ್ಲ ಕಣ್ಣಿಗೂ ಡೆವನ್ನಿನ ಕೊಳವಿಯೊಳಗೆ ಪುಡಿ ಕೆರೆಯುತ್ತಿದ್ದವನು ಕಾಣಲಿಲ್ಲ. ಹೊಸ ವರ್ಷಕ್ಕೆ ಗೋಡೆಗೆ ಬಣ್ಣ ಹೊಡೆಸುವ ನಮ್ಮ ನಿಮ್ಮಂಥವರಿಗೆ ಅವನು ತಾನಾಗಿ ಕಾಣುವನೆ? ಕೇಳಿ ತಿಳಿಯಬೇಕು.